ಮಿರ್ಚಿ ಒಂದು, ಪ್ಲಾಟ್‌ಫಾರಂ ಮೂರು ಸಲ

ತೂಕ ಇಳಿಸಬೇಕು ಅಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ವಾಕಿಂಗ್ ಮಾಡ್ರಿ.’ ಬೆಳಗ್ಗೆ ಉಣಕಲ್ ಕೆರೆಗೋ ತೋಳನಕೆರೆಗೋ ನೃಪತುಂಗ ಬೆಟ್ಟಕ್ಕೋ ಹೋಗಿ ನೋಡಿ. ವರ್ಷಗಟ್ಟಲೆ ತಪ್ಪದೆ ನಡೆಯುವವರು ಸಿಗುತ್ತಾರೆ. ಹೊಟ್ಟೆ ಮಾತ್ರ ಇದ್ದಷ್ಟೇ ಇರುತ್ತದೆ. ನಡಿಗೆಯಿಂದ ಖರ್ಚಾಗುವ ಕ್ಯಾಲೊರಿ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಎಣ್ಣೆ, ಶೇಂಗಾ, ಚಹಾದಲ್ಲಿ ಒಳಗೆ ಹೋಗುವುದು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಇವೆರಡನ್ನೂ ಒಂದೇ ವಹಿಯಲ್ಲಿ ಜಮಾ-ಖರ್ಚಿನ ಹಾಗೆ ಬರೆದುಕೊಂಡು ನಾನು 74 ಕಿಲೋದಿಂದ 66ಕ್ಕೆ ಬಂದೆ. ಒಂದು ನಾಗರಪಂಚಮಿಯಿಂದ ಮುಂದಿನ ಪಂಚಮಿ ತನಕ ಹಿಡಿಯಿತು.

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವವಳು. ಕೆಲಸ ಧಾರವಾಡದಲ್ಲಿ. ಚಿಗರಿ ಬಸ್ಸಿನಲ್ಲಿ ಕೂತು ಹೋಗುವುದು, ಆಫೀಸಿನಲ್ಲಿ ಕೂತು ಕೆಲಸ ಮಾಡುವುದು, ಮತ್ತೆ ಕೂತು ಬರುವುದು. ಶುರು ಮಾಡಿದಾಗ ವಯಸ್ಸು 44, ಎತ್ತರ 157 ಸೆಂಟಿಮೀಟರ್.

ಮೊದಲು ಖರ್ಚಿನ ಬದಿ. ಸುಮ್ನೆ ಮಲಗಿದ್ದರೂ ದೇಹಕ್ಕೆ ಒಂದಿಷ್ಟು ಬೇಕು. ಉಸಿರಾಟ, ಹೃದಯ, ಮಿದುಳು, ಲಿವರ್ ಎಲ್ಲದಕ್ಕೂ. ಅದನ್ನು ಅಂದಾಜು ಮಾಡಲು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಅನ್ನುವ ಸೂತ್ರ ಇದೆ. ಕಿಲೋ ಲೆಕ್ಕದ ತೂಕಕ್ಕೆ 10ರ ಗುಣಾಕಾರ, ಸೆಂಟಿಮೀಟರ್ ಲೆಕ್ಕದ ಎತ್ತರಕ್ಕೆ 6.25ರ ಗುಣಾಕಾರ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಲ್ಲಿ ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ನನಗೆ ಬಂದದ್ದು ದಿನಕ್ಕೆ 1,340 ಕ್ಯಾಲೊರಿ. ಕೂತು ಕೆಲಸ ಮಾಡುವವರು ಇದನ್ನು 1.2ರಿಂದ ಗುಣಿಸಿದರೆ ದಿನದ ಖರ್ಚು ಸಿಗುತ್ತದೆ. ನನ್ನದು ಸುಮಾರು 1,600. ವ್ಯಾಯಾಮ ಇದರ ಮೇಲೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಕೊಟ್ಟ ಲೆಕ್ಕದಲ್ಲಿ 55 ಕಿಲೋ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕಿಲೋ ಕ್ಯಾಲೊರಿ, 65 ಕಿಲೋದ ಗಂಡಸಿಗೆ 2,110. ನನ್ನ ಅಂಕಿ ಅದರ ಹತ್ತಿರವೇ ಬಂತು, ಹಾಗಾಗಿ ನಂಬಿಕೆ ಬಂತು. (ಆಡುಮಾತಿನಲ್ಲಿ ಕ್ಯಾಲೊರಿ ಅನ್ನುವುದೂ ಬಿಸ್ಕೀಟ್ ಪ್ಯಾಕೆಟ್ ಮೇಲೆ ಇರುವ ಕಿಲೋ ಕ್ಯಾಲೊರಿಯೂ ಒಂದೇ. ಗಾಬರಿ ಬೇಡ.)

ಇನ್ನು ನಡಿಗೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ, ಸುಮ್ನೆ ಕೂತಾಗಿನ ಖರ್ಚಿನ ಮೂರೂವರೆ ಪಟ್ಟು ಖರ್ಚಾಗುತ್ತದೆ. ಕೂತಾಗ ಗಂಟೆಗೆ ಒಂದು ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ. ಅಂದರೆ 74 ಕಿಲೋದ ನನಗೆ ಒಂದು ಗಂಟೆ ನಡಿಗೆಗೆ 259. ಹೆಚ್ಚಿನವರು ಲೆಕ್ಕ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಒಂದು ಗಂಟೆ ನಾನು ಮನೆಯಲ್ಲಿ ಕೂತಿದ್ದರೂ 74 ಖರ್ಚಾಗುತ್ತಿತ್ತು ಅಲ್ವಾ? ಅದು ಆಗಲೇ 1,600ರಲ್ಲಿ ಸೇರಿದೆ. ಎರಡು ಸಲ ಬರೆಯುವ ಹಾಗಿಲ್ಲ. ನಡೆದದ್ದರ ನಿಜವಾದ ಫಾಯಿದೆ 185 ಮಾತ್ರ.

ಕೈಗೆ ಕಟ್ಟುವ ವಾಚು ಅದೇ ನಡಿಗೆಗೆ 300ಕ್ಕೂ ಮೇಲೆ ತೋರಿಸುತ್ತಿತ್ತು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ವಾಚು-ಪಟ್ಟಿಗಳನ್ನು ಪರೀಕ್ಷೆ ಮಾಡಿದ್ದರು. ಎದೆಬಡಿತದ ಲೆಕ್ಕದಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಕೆಟ್ಟದ್ದು ಶೇಕಡಾ 93. ನಾನು ವಾಚನ್ನು ಹೆಜ್ಜೆ ಎಣಿಸಲು, ಹೊತ್ತು ನೋಡಲು ಇಟ್ಟುಕೊಂಡೆ. ಕ್ಯಾಲೊರಿ ಅಂಕಿ ಬರುವ ಜಾಗವನ್ನೇ ಅದರಿಂದ ತೆಗೆಸಿಬಿಟ್ಟೆ.

185 ಅಂದರೆ ಎಷ್ಟು ಅಂತ ಮನಸ್ಸಿಗೆ ಇಳಿಯಲು ನಮ್ಮೂರಿನದೇ ಒಂದು ಅಳತೆ ಮಾಡಿಕೊಂಡೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದದ್ದು ಅಂತ 2023ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದರೆ ನನಗೆ ಖರ್ಚಾಗುವುದು 55ರ ಆಸುಪಾಸು. ಅಷ್ಟೇ! ಒಂದು ಮಿರ್ಚಿ ಭಜಿ, ಹಿಟ್ಟು ಮತ್ತು ಹೀರಿದ ಎಣ್ಣೆ ಸೇರಿ, ಅಂದಾಜು 150. ಹಾಗಾದರೆ ಒಂದು ಮಿರ್ಚಿಗೆ ಪ್ಲಾಟ್‌ಫಾರಂ ಸುಮಾರು ಮೂರು ಸಲ. ಧಾರವಾಡ ಪೇಡೆಯಲ್ಲಿ ಖೋವಾ, ಸಕ್ಕರೆ ಎರಡೂ 100 ಗ್ರಾಮಿಗೆ 400ರ ಹತ್ತಿರ. 25 ಗ್ರಾಮಿನ ಪೇಡೆಗೆ 100, ಪ್ಲಾಟ್‌ಫಾರಂ ಸುಮಾರು ಎರಡು ಸಲ. ಮನೆಯಲ್ಲಿ ಇದು ಹಾಸ್ಯವೇ ಆಗಿಹೋಯಿತು. ನಮ್ಮ ಮನೆಯವರು ಗಿರಮಿಟ್ಟಿನ ಪೊಟ್ಟಣ ತಂದರೆ ಮಗಳು, “ಅಪ್ಪಾ, ಎಷ್ಟ ಪ್ಲಾಟ್‌ಫಾರಂ ತಂದಿ?” ಅಂತ ಕೇಳುತ್ತಾಳೆ. ಬರೀ ಗಿರಮಿಟ್ಟು ಆದರೆ ಹಗುರ, ಮಂಡಕ್ಕಿ ತೂಕವೇ ಇರುವುದಿಲ್ಲ. ಅದರ ಜೊತೆಗೆ ಬರುವ ಮಿರ್ಚಿಯೇ ಭಾರ.

ಕೆರೆ ದಂಡೆಯಲ್ಲಿ ನಮ್ಮ ಗುಂಪಿನ ವಾಕಿಂಗ್ ಮುಗಿಯುವುದು ಉಪ್ಪಿಟ್ಟು, ಚಹಾದಲ್ಲಿ. ‘ಇವತ್ತ ನಡದೀವಲ್ಲ’ ಅನ್ನುವ ಧೈರ್ಯ ಬೇರೆ. ಅಲ್ಲಿಗೆ ನಡೆದದ್ದು ವಸೂಲಾಗಿ ಮೇಲೆ ಬಾಕಿ ಬರುತ್ತದೆ. ನಾನು ಒಂದು ನಿಯಮ ಮಾಡಿಕೊಂಡೆ: ವ್ಯಾಯಾಮದ ಹೆಸರಿನಲ್ಲಿ ಏನನ್ನೂ ತಿನ್ನುವುದಿಲ್ಲ. ಗೆಳತಿಯರ ಜೊತೆ ಕೂರುತ್ತೇನೆ, ಅರ್ಧ ಚಹಾ ಕುಡಿಯುತ್ತೇನೆ. ಆ ಚಹಾ ದಿನದ ಲೆಕ್ಕದೊಳಗಿನದು.

ಈಗ ಜಮಾ ಬದಿ. ಇಲ್ಲಿ ಜನ ಮೊದಲು ಕೈ ಹಾಕುವುದು ರೊಟ್ಟಿಗೆ. ಪಾಪ, ರೊಟ್ಟಿಯ ತಪ್ಪೇನೂ ಇಲ್ಲ. ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ಕಾಟಾ ತಂದೆ. ಅತ್ತೆಯವರು ಹತ್ತು ರೊಟ್ಟಿಗೆ ಹಿಟ್ಟು ತೆಗೆಯುವಾಗ ಪರಾತವನ್ನೇ ಅದರ ಮೇಲಿಟ್ಟೆ. ಹಿಟ್ಟು 450 ಗ್ರಾಂ ಬಂತು. ಒಂದು ರೊಟ್ಟಿಗೆ 45. ಜೋಳಕ್ಕೆ 100 ಗ್ರಾಮಿಗೆ ಸುಮಾರು 335. ಅಂದರೆ ಒಂದು ರೊಟ್ಟಿ 150, ಬಡಿಯುವಾಗ ಹನಿ ಎಣ್ಣೆಯಿಲ್ಲ. ಖಾನಾವಳಿಯ ತೆಳ್ಳನೆ ಖಡಕ್ ರೊಟ್ಟಿ ಇದಕ್ಕಿಂತ ಹಗುರ, ಆದರೆ ಮಾತಾಡುತ್ತಾ ಮುರಿದು ತಿನ್ನುವಾಗ ಎಷ್ಟಾಯಿತು ಗೊತ್ತೇ ಆಗುವುದಿಲ್ಲ. ಅಕ್ಕಿಯಲ್ಲಿ ಒಂದು ಎಚ್ಚರ ಬೇಕು. ಹಸಿ ಅಕ್ಕಿ 100 ಗ್ರಾಮಿಗೆ 350, ಅದೇ ಅನ್ನವಾದ ಮೇಲೆ ನೀರು ಕುಡಿದು 100 ಗ್ರಾಮಿಗೆ 130. ತೂಗಿದ್ದು ಅಕ್ಕಿಯೋ ಅನ್ನವೋ ಬರೆದಿಡದಿದ್ದರೆ ವಹಿ ಕೆಡುತ್ತದೆ.

ಭಾರ ಇರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಂದು ತುಂಬು ಚಮಚ, 15 ಗ್ರಾಂ, 85. ಅದರ ನಡುವೆ ಕುಣಿ ಮಾಡಿ ಎಣ್ಣೆ ಸುರಿಯುವುದು ನಮ್ಮ ಕಡೆ ಪದ್ಧತಿ. ಒಂದು ಚಹಾ ಚಮಚ ಎಣ್ಣೆಗೆ 40. ಹಿಂಡಿ, ಎಣ್ಣೆ ಸೇರಿ ಮುಕ್ಕಾಲು ರೊಟ್ಟಿಗಿಂತ ಮೇಲಾಯಿತು, ಹೊಟ್ಟೆ ಮಾತ್ರ ತುಂಬಲಿಲ್ಲ. ಹಿಟ್ಟಿನ ಪಿಷ್ಟವಾಗಲಿ ಬೇಳೆಯ ಪ್ರೋಟೀನ್ ಆಗಲಿ ಗ್ರಾಮಿಗೆ 4, ಕೊಬ್ಬಿಗೆ 9. ಎಲ್ಲ ಗುಟ್ಟು ಇಷ್ಟೇ.

ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ನಾಲ್ಕು ಜನರ ಮನೆಯಲ್ಲಿ ನಡೆಯುವ ಮಾತಲ್ಲ. ಒಗ್ಗರಣೆ ಹಾಕುವವರು ಒಬ್ಬರಲ್ಲ. ಹಾಗಾಗಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಲು ಶುರು ಮಾಡಿದೆ. ಒಂದು ಲೀಟರ್ ಅಂದರೆ 910 ಗ್ರಾಂ, ಸುಮಾರು 8,200 ಕ್ಯಾಲೊರಿ. ನಮ್ಮಲ್ಲಿ ಅದು ವಾರದಲ್ಲಿ ಮುಗಿಯುತ್ತಿತ್ತು. ತಲೆಗೆ ದಿನಕ್ಕೆ 290 ಬರೀ ಎಣ್ಣೆಯಿಂದ! ಅದನ್ನು ಹತ್ತು ದಿನಕ್ಕೆ ಎಳೆದರೆ ತಲೆಗೆ 205. ಉಳಿದದ್ದು 85ರಷ್ಟು, ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆ ನಡಿಗೆ, ಯಾರೂ ಚಪ್ಪಲಿ ಹಾಕದೆ.

ಹೇಳಿದಷ್ಟು ಸುಲಭ ಇರಲಿಲ್ಲ ಅನ್ನಿ. ಅತ್ತೆಯವರು ಮೊದಲ ದಿನವೇ ಕೇಳಿದರು: “ಒಂದ್ ಚಮಚಾ ಎಣ್ಣ್ಯಾಗ ಮಾಡಿದ್ರ ಅದಕ್ಕ ಎಣಗಾಯಿ ಅಂತಾರೇನವಾ? ಬದನಿಕಾಯಿ ಕುದಿಸಿದ್ದು ಅಂತಾರ.” ಮಾತು ಸರಿಯೇ ಇತ್ತು. ಎಣಗಾಯಿಯನ್ನು ಮುಟ್ಟಲಿಲ್ಲ. ಅದು ವಾರಕ್ಕೊಮ್ಮೆ, ಎಣ್ಣೆ ತೇಲಬೇಕು, ತೇಲಲಿ. ದಿನದ ಕಾಳು ಪಲ್ಯ, ಸಾರು, ಅವಲಕ್ಕಿಯ ಒಗ್ಗರಣೆಯಲ್ಲಿ ಕಡಿಮೆ ಮಾಡಿದೆವು. ಅಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಚಹಾ ಇನ್ನೊಂದು. ಎಮ್ಮೆ ಹಾಲು 100 ಮಿಲಿಗೆ 110ರ ಆಸುಪಾಸು, ಆಕಳ ಹಾಲು ಸುಮಾರು 70. ಗಟ್ಟಿ ಹಾಲಿನ, ಎರಡು ಚಮಚ ಸಕ್ಕರೆಯ ಒಂದು ಕಪ್ಪಿಗೆ 90-95. ಆಫೀಸಿನಲ್ಲಿ ಯಾರು ಬಂದರೂ ಒಂದು ಕಪ್, ದಿನಕ್ಕೆ ನಾಲ್ಕೈದು. ಚಹಾ ಬಿಡುವ ಪ್ರಶ್ನೆಯೇ ಇಲ್ಲ. ಕಪ್ಪು ಸಣ್ಣದಾಯಿತು, ಸಕ್ಕರೆ ಒಂದೇ ಚಮಚ, ಮೂರು ಸಲ. ಎಲ್ಲ ಸೇರಿ 180.

ಹಾಗೆ ನನ್ನ ಮಾಮೂಲಿ ದಿನ ಹೀಗೆ ನಿಂತಿತು. ಬೆಳಗ್ಗೆ ಉಪ್ಪಿಟ್ಟು ಅಥವಾ ಅವಲಕ್ಕಿ, 260. ಡಬ್ಬಿಯಲ್ಲಿ ಎರಡು ರೊಟ್ಟಿ, ಹೆಸರುಕಾಳು ಅಥವಾ ಮಡಿಕೆಕಾಳು ಪಲ್ಯ, ಮೊಸರು, ಅರ್ಧ ಚಮಚ ಹಿಂಡಿ, ಜೊತೆಗೆ ಹಸಿ ಮೆಂತೆಸೊಪ್ಪು, ಉಳ್ಳಾಗಡ್ಡಿ. ಅದು 575. ಸಂಜೆ ಬಸ್ಸಿನಲ್ಲಿ ಒಂದು ಹಿಡಿ ಪುಟಾಣಿ (ಹುರಿಗಡಲೆ), 90. ರಾತ್ರಿ ಒಂದು ರೊಟ್ಟಿ, ಒಂದು ಬಟ್ಟಲು ಅನ್ನ, ಬೇಳೆ ಸಾರು, 360. ಚಹಾ ಸೇರಿಸಿದರೆ 1,465. ಖರ್ಚು 1,600 ಮತ್ತು ನಡಿಗೆಯ 185, ಅಂದರೆ 1,785. ದಿನಕ್ಕೆ 320 ಕೊರತೆ. ದೇಹದ ಒಂದು ಕಿಲೋ ಕೊಬ್ಬು ಸುಮಾರು 7,700 ಕ್ಯಾಲೊರಿ. ತಿಂಗಳಿಗೆ ಒಂದೂಕಾಲು ಕಿಲೋ ಇಳಿಯಬೇಕು. ಕಾಗದದ ಮೇಲೆ ಹಾಗೆ. ಮದುವೆ, ಮುಂಜಿ, ಹಬ್ಬ ಸೇರಿ ಅದಕ್ಕಿಂತ ಕಡಿಮೆಯೇ ಇಳಿಯಿತು. ಇದಕ್ಕಿಂತ ಜೋರಾಗಿ ಎಳೆದವರನ್ನು ನೋಡಿದ್ದೇನೆ. ದಿನಕ್ಕೆ 1,000 ಅಂತ ಶುರು ಮಾಡಿ, ಸಂಜೆಗೆ ತಲೆಸುತ್ತು ಬಂದು, ಶನಿವಾರ ಸಾವಜಿ ಖಾನಾವಳಿಯಲ್ಲಿ ವಾರದ ಉಳಿತಾಯವನ್ನೆಲ್ಲ ಮುಗಿಸಿ ಬರುತ್ತಾರೆ. 1,200ರ ಕೆಳಗೆ ಡಾಕ್ಟರ್ ಹೇಳದೆ ಇಳಿಯಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ತೂಕದ ಕಾಟಾ ದಿನಾ ಸತ್ಯ ಹೇಳುವುದಿಲ್ಲ. ಹಪ್ಪಳ, ಉಪ್ಪಿನಕಾಯಿ ಜಾಸ್ತಿಯಾದ ಮರುದಿನ ಉಪ್ಪು ನೀರು ಹಿಡಿದು ಒಂದು ಕಿಲೋ ಏರಿಸುತ್ತದೆ. ಮುಟ್ಟಿನ ದಿನಗಳ ಹಿಂದೆ-ಮುಂದೆಯೂ ಹಾಗೆ. ಪಿಷ್ಟ ದೇಹದಲ್ಲಿ ಶೇಖರಣೆಯಾಗುವಾಗ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನೂ ಜೊತೆಗಿಟ್ಟುಕೊಳ್ಳುತ್ತದೆ. ಹೋಳಿಗೆ ಊಟದ ಮರುದಿನದ ಏರಿಕೆ ಹೆಚ್ಚಾಗಿ ಇದೇ. ನಾನು ದಿನಾ ಬೆಳಗ್ಗೆ ತೂಗಿ, ವಾರದ ಏಳು ಅಂಕಿಯ ಸರಾಸರಿಯನ್ನು ಮಾತ್ರ ನೋಡುತ್ತಿದ್ದೆ. ಮೂರು ವಾರ ಸರಾಸರಿ ಅಲುಗಾಡದಿದ್ದರೆ ಮಾತ್ರ ಏನಾದರೂ ಬದಲಾಯಿಸುವುದು.

ಒಂದು ಸಲ ಹಾಗೆ ನಿಂತುಹೋಯಿತು. ಊಟ ಅದೇ, ನಡಿಗೆ ಅದೇ. ಕಾರಣ ಎರಡು. ಮೊದಲನೆಯದು, ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. 66 ಕಿಲೋಗೆ ಅದೇ ಸೂತ್ರ ಹಾಕಿದರೆ ದಿನದ ಖರ್ಚು ಸುಮಾರು 1,500, ಒಂದು ಗಂಟೆ ನಡಿಗೆ 165. ಮೊದಲಿಗಿಂತ 120 ಕಡಿಮೆ. ನಾಲ್ಕೈದು ಕಿಲೋ ಇಳಿದಾಗೊಮ್ಮೆ ಲೆಕ್ಕ ಹೊಸದಾಗಿ ಹಾಕಲೇಬೇಕು. ಎರಡನೆಯದು, ಬೆಳಗ್ಗೆ ಗಂಟೆ ನಡೆದವಳು ಭಾನುವಾರ ಮಧ್ಯಾಹ್ನ ಗಡದ್ದಾಗಿ ಮಲಗುತ್ತಿದ್ದೆ, ಸಂಜೆ ಒಂದು ಲೋಟ ನೀರಿಗೂ ಮಗಳನ್ನು ಕೂಗುತ್ತಿದ್ದೆ. ದೇಹ ಒಂದು ಕಡೆ ಖರ್ಚು ಮಾಡಿದ್ದನ್ನು ಇನ್ನೊಂದು ಕಡೆ ಮಿಗಿಸುತ್ತದೆ. ಸಂಜೆ ಚಿಗರಿಯಿಂದ ಒಂದು ಸ್ಟಾಪ್ ಮೊದಲೇ ಇಳಿದು ನಡೆಯಲು ಶುರು ಮಾಡಿದೆ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಏಳುವ-ಕೂರುವ ವ್ಯಾಯಾಮ, ನೀರು ತುಂಬಿದ ಬಾಟಲಿ ಎತ್ತುವುದು. ಇದರಲ್ಲಿ ಕ್ಯಾಲೊರಿ ಹೆಚ್ಚೇನೂ ಹೋಗುವುದಿಲ್ಲ. ಇಳಿಯುವ ತೂಕ ಸ್ನಾಯುವಿನಿಂದ ಹೋಗದೆ ಕೊಬ್ಬಿನಿಂದ ಹೋಗಲಿ ಅಂತ. ಕಾಳು, ಮೊಸರು ಬಿಡದೆ ಇಟ್ಟುಕೊಂಡದ್ದೂ ಅದಕ್ಕೇ.

ಪಂಚಮಿ ಉಂಡಿಗಳ ವಿಷಯ ಹೇಳದಿದ್ದರೆ ನಮ್ಮ ಕಡೆಯವರು ಒಪ್ಪುವುದಿಲ್ಲ. ಶೇಂಗಾ ಉಂಡಿ, ಬೇಸನ್ ಉಂಡಿ, ರವೆ ಉಂಡಿ, ತಂಬಿಟ್ಟು. ತವರಿನಿಂದ ಬಂದ ಡಬ್ಬಿ, ವೈನಿ ಕಳಿಸಿದ ಡಬ್ಬಿ, ಓಣಿಯವರ ಡಬ್ಬಿ. 40 ಗ್ರಾಮಿನ ಶೇಂಗಾ ಉಂಡಿಗೆ 200ರ ಹತ್ತಿರ. ಆ ವಾರ ನಾನು ಇಳಿಸುವ ಯೋಚನೆಯನ್ನೇ ಬಿಟ್ಟೆ, ಏರದಿದ್ದರೆ ಸಾಕು. ದಿನಕ್ಕೆ ಒಂದೂವರೆ ಉಂಡಿ ತಿಂದರೆ 300, ಅಂದರೆ ನನ್ನ ಕೊರತೆ ಸರಿಯಾಗಿ ತುಂಬಿತು. ಒಂದೂವರೆ ಯಾಕೆ ಅಂತ ವೈನಿ ಕೇಳಿದರು. ಉಳಿದರ್ಧ ಮನೆಯವರಿಗೆ ಅಂದೆ. “ನಿಮ್ಮ ಹೊಟ್ಟಿ ಇಳಿದು ಅವರದು ಬರ್ತದ ನೋಡ್ರಿ,” ಅಂದರು.

ಅತ್ತೆಯವರು ಈ ಲೆಕ್ಕದ ಹೊರಗೆ. ಅವರಿಗೆ ಸಕ್ಕರೆ ಕಾಯಿಲೆ, ಮಾತ್ರೆ ಇದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಜಾಸ್ತಿ ಮಾಡಿದರೆ ಸಕ್ಕರೆ ಏಕದಂ ಇಳಿಯಬಹುದು. ಅಂಥವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ ಔಷಧದ ಪ್ರಮಾಣ ಕೇಳಿಕೊಂಡೇ ಶುರು ಮಾಡಬೇಕು.

ಈಗ ತೂಕ ಇಳಿಸುತ್ತಿಲ್ಲ, ಹಿಡಿದಿಟ್ಟಿದ್ದೇನೆ. ಖರ್ಚು 1,665, ಊಟವೂ ಅಷ್ಟೇ. ಮೊದಲಿನ 1,465ಕ್ಕೆ 200 ಸೇರಿಸಬಹುದಿತ್ತು. ಡಬ್ಬಿಗೆ ಮೂರನೇ ರೊಟ್ಟಿ ಬಂತು, ಹಿಂಡಿ ಮತ್ತೆ ತುಂಬು ಚಮಚವಾಯಿತು. ಬರೆಯುವುದನ್ನು ಬಿಟ್ಟಿದ್ದೇನೆ, ಕಣ್ಣಳತೆ ಕೂತಿದೆ. ಎಣ್ಣೆ ಪ್ಯಾಕೆಟ್ ಮೇಲೆ ತಾರೀಖು ಮಾತ್ರ ಬರೆಯುತ್ತೇವೆ. ವಾರದ ಸರಾಸರಿ 67 ದಾಟಿದರೆ ಎರಡು ವಾರ ರಾತ್ರಿ ಅನ್ನ ನಿಲ್ಲಿಸುತ್ತೇನೆ. ಮತ್ತೆ 66ಕ್ಕೆ ಬಂದ ಮೇಲೆ ಬಟ್ಟಲು ಹೊರಗೆ ತೆಗೆಯುತ್ತೇನೆ.