ಮೂರು ನಿಮಿಷದೊಳಗೆ ಒಬ್ಬ ಹವಾಲ್ದಾರ್ರ ಮಾತು: ಸಂಸದರಿಗೆ ಭಾಷಣ ತಯಾರು ಮಾಡಿಕೊಟ್ಟ ನನ್ನ ಅನುಭವ

ನಾನು 2015ರಿಂದ 2019ರ ತನಕ ಒಬ್ಬ ಹಿರಿಯ ಲೋಕಸಭಾ ಸದಸ್ಯರ ಹತ್ರ ಕೆಲಸ ಮಾಡ್ದೆ, ಅವ್ರ ಪ್ರಶ್ನೆಗಳು ಭಾಷಣಗಳು ಎಲ್ಲ ತಯಾರು ಮಾಡೋದು ನನ್ನ ಕೆಲಸ. ಅವ್ರ ಹೆಸ್ರು ಇಲ್ಲಿ ಹಾಕಲ್ಲ, ನಾವೆಲ್ಲ ಸಾಹೇಬ್ರು ಅಂತಿದ್ವಿ, ಹಾಗೇ ಬರೀತೀನಿ. ಉತ್ತರ ಕರ್ನಾಟಕದೋರು, ಎಲೆಕ್ಷನ್ನಿಗೆ ಬರೋ ಮುಂಚೆ ತುಂಬಾ ವರ್ಷ ವಕೀಲಿಕೆ ಮಾಡಿದ್ದೋರು, ಅವ್ರ ಕ್ಷೇತ್ರದ ಕೆಲವು ಹಳ್ಳಿಗಳಲ್ಲಿ ಮನೆಗೊಬ್ರು ಮಿಲಿಟ್ರಿಗೆ ಹೋದೋರು ಇದ್ರು. ಹಂಗಾಗಿ ಸದನದಲ್ಲಿ ಅವ್ರು ಎದ್ದು ನಿಂತ್ರೆ ಹೆಚ್ಚುಕಮ್ಮಿ ಎರಡೇ ವಿಷಯ, ಕೋರ್ಟಲ್ಲಿ ಬಡವ್ರಿಗೆ ನ್ಯಾಯ ತಡ ಆಗೋದು ಮತ್ತೆ ಮಾಜಿ ಸೈನಿಕರ ಪೆನ್ಷನ್.

ಮೊದಲ ಸಲ ಮಾಜಿ ಸೈನಿಕರ ಬಗ್ಗೆ ಬರೆದುಕೊಡು ಅಂದಾಗ ನಾನು ಐದು ಪುಟ ಬರೆದೆ. ಗಡಿ, ಹಿಮ, ತ್ಯಾಗ, ಬಲಿದಾನ ಎಲ್ಲ ಇತ್ತು. ಓದಿ ಟೇಬಲ್ ಮೇಲಿಟ್ಟು ಅಂದ್ರು, "ತಮ್ಮಾ, ಹೊಗಳೋದು ಎಲ್ಲಾರೂ ಹೊಗಳ್ತಾರ. ಸರ್ಕಾರ ನಾಳೆ ಮುಂಜಾನೆ ಏನ್ ಮಾಡ್ಬೇಕು ಅನ್ನೋದು ಇದ್ರಾಗ ಎಲ್ಲೈತಿ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಮುಂದಿನ ಶನಿವಾರ ಕ್ಷೇತ್ರದ ಆಫೀಸಲ್ಲಿ ಕೂತ್ಕೊ, ಬಂದೋರ ಕಾಗದ ಓದು, ಆಮೇಲೆ ಬರಿ ಅಂದ್ರು.

ಅಲ್ಲಿಂದ ನನಗೆ ನಿಜವಾದ ಪಾಠ ಶುರು ಆಯ್ತು. ಬರೋರೆಲ್ಲ ಪ್ಲಾಸ್ಟಿಕ್ ಕವರಲ್ಲಿ ಡಿಸ್ಚಾರ್ಜ್ ಬುಕ್, ಪಿಪಿಓ ಅನ್ನೋ ಪೆನ್ಷನ್ ಆದೇಶ, ಮೆಡಿಕಲ್ ಬೋರ್ಡ್ ಕಾಗದ ಇಟ್ಕೊಂಡು ಬರೋರು. ಎಷ್ಟೋ ಜನ ಹದಿನೈದು ಹದಿನೇಳು ವರ್ಷ ಸರ್ವಿಸ್ ಮಾಡಿ ನಲವತ್ತು ತುಂಬೋ ಮುಂಚೆನೇ ಮನೆಗೆ ಬಂದೋರು, ಅಂದ್ರೆ ಮಕ್ಕಳು ಇನ್ನೂ ಸ್ಕೂಲಲ್ಲಿ ಇರುವಾಗ್ಲೇ ಪೂರ್ತಿ ಸಂಬಳ ನಿಂತುಹೋಗುತ್ತೆ, ಇದು ಸಿವಿಲ್ ನೌಕರಿಗೂ ಸೈನ್ಯಕ್ಕೂ ಇರೋ ದೊಡ್ಡ ವ್ಯತ್ಯಾಸ, ಪೆನ್ಷನ್ ಗಲಾಟೆ ಅರ್ಥ ಆಗ್ಬೇಕಾದ್ರೆ ಮೊದಲು ಇದು ಅರ್ಥ ಆಗ್ಬೇಕು.

ಒಬ್ರು ಹವಾಲ್ದಾರ್ ಬಂದಿದ್ರು, ಫಿರಂಗಿ ಹಾರಿಸೋ ಆರ್ಟಿಲರಿ ರೆಜಿಮೆಂಟಲ್ಲಿ 17 ವರ್ಷ. ಕಿವಿ ಸರಿಯಾಗಿ ಕೇಳಿಸ್ತಿರ್ಲಿಲ್ಲ, ಅವ್ರ ಹೆಂಡತಿ ಪಕ್ಕದಲ್ಲಿ ಕೂತು ನಾನು ಕೇಳಿದ್ದನ್ನ ಜೋರಾಗಿ ಇನ್ನೊಂದ್ಸಲ ಹೇಳೋರು. ಕಾಗದದಲ್ಲಿ ಅಂಗವೈಕಲ್ಯ 30 ಪರ್ಸೆಂಟ್ ಅಂತಿದೆ, ಕೆಳಗೆ "ನಾನಾ" (NANA). ಅಂದ್ರೆ ಈ ತೊಂದರೆ ಸೇವೆಯಿಂದ ಬಂದಿದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆಗಿದ್ದೂ ಅಲ್ಲ ಅಂತ. ಆ ನಾಲ್ಕು ಅಕ್ಷರದ ಇಂಗ್ಲಿಷ್ ಸಂಕ್ಷೇಪಕ್ಕೆ ಅವ್ರ ಡಿಸೆಬಿಲಿಟಿ ಪೆನ್ಷನ್ ಇಲ್ಲ. ಭರ್ತಿ ಆಗುವಾಗ ಕಿವಿ ಟೆಸ್ಟ್ ಮಾಡಿ ಫಿಟ್ ಅಂತ ಬರೆದಿದ್ದು ಅದೇ ಕವರಲ್ಲೇ ಇತ್ತು!

ಸಾಹೇಬ್ರಿಗೆ ತೋರಿಸಿದೆ. ಅವ್ರು ಧರ್ಮವೀರ್ ಸಿಂಗ್ ಕೇಸ್ ಓದಿದ್ದೀಯಾ ಅಂತ ಕೇಳಿದ್ರು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಸೈನ್ಯಕ್ಕೆ ಸೇರುವಾಗ ಕಾಯಿಲೆ ಇತ್ತು ಅಂತ ದಾಖಲೆಲಿ ಇಲ್ದಿದ್ರೆ ಅದು ಸೇವೆಯಲ್ಲೇ ಬಂತು ಅಂತ ಭಾವಿಸ್ಬೇಕು, ಅಲ್ಲ ಅಂತ ತೋರಿಸೋ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಆಮೇಲೆ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸ್, ಅದ್ರಲ್ಲಿ ಪರ್ಸೆಂಟನ್ನ ಮೇಲಕ್ಕೆ ಹೊಂದಿಸೋ ಲಾಭ ಪೂರ್ತಿ ಅವಧಿ ಮುಗಿಸಿ ನಿವೃತ್ತಿ ಆದೋರಿಗೂ ಸಿಗ್ಬೇಕು ಅಂತ, ಅಂದ್ರೆ 30 ಇದ್ರೆ 50 ಅಂತ ಲೆಕ್ಕ. ಕಾನೂನು ಇಷ್ಟು ಸ್ಪಷ್ಟ ಇದ್ರೂ ಒಬ್ಬೊಬ್ರೂ ತಮ್ಮ ತಮ್ಮ ಕೇಸ್ ಹಾಕ್ಬೇಕು, ಗೆದ್ರೂ ಮೇಲ್ಮನವಿ ಎದುರಿಸ್ಬೇಕು. ಈ ಥರ ಕೇಸ್‌ಗಳನ್ನ ಕಮ್ಮಿ ಮಾಡೋದು ಹೆಂಗೆ ಅಂತ ನೋಡೋಕೆ ರಕ್ಷಣಾ ಸಚಿವರೇ 2015ರಲ್ಲಿ ಒಂದು ತಜ್ಞರ ಸಮಿತಿ ಮಾಡಿದ್ರು, ವರದಿನೂ ಅದೇ ವರ್ಷ ಬಂತು. ನಮಗೆ ಹಿಡ್ಕೊಳ್ಳೋಕೆ ಅದು ಒಳ್ಳೆ ಗೂಟ ಆಯ್ತು. ಸರ್ಕಾರದ ಸಮಿತಿಯ ಶಿಫಾರಸು ಎಷ್ಟು ಜಾರಿ ಆಯ್ತು ಅಂತ ಕೇಳಿದ್ರೆ ಯಾವ ಸಚಿವರೂ ಇದು ವಿರೋಧ ಪಕ್ಷದ ಆರೋಪ ಅಂತ ತಳ್ಳಿಹಾಕೋಕೆ ಆಗಲ್ಲ.

ಇನ್ನು ಬರೆಯೋ ಕೆಲಸ. ಹೊರಗಿನೋರಿಗೆ ಗೊತ್ತಿರಲ್ಲ, ಸದನದಲ್ಲಿ ಟೈಮ್ ಅನ್ನೋದು ಚಿನ್ನ. ಪ್ರಶ್ನೆ ಕೇಳ್ಬೇಕಾದ್ರೆ ಹದಿನೈದು ದಿನ ಮುಂಚೆ ನೋಟಿಸ್ ಕೊಡ್ಬೇಕು, 150 ಪದ ಮೀರೋ ಹಾಗಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ, ಅಂದ್ರೆ ಸಚಿವರು ಸದನದಲ್ಲೇ ಬಾಯಲ್ಲಿ ಉತ್ತರಿಸೋದು, ದಿನಕ್ಕೆ 20 ಮಾತ್ರ, ಅದೂ ಬ್ಯಾಲೆಟ್‌ನಲ್ಲಿ ಹೆಸ್ರು ಬರ್ಬೇಕು, ಪಟ್ಟಿಲಿ ಕೆಳಗಿದ್ರೆ ಬಾಯಲ್ಲಿ ಉತ್ತರ ಸಿಗೋ ಹೊತ್ತಿಗೆ ಪ್ರಶ್ನೋತ್ತರ ವೇಳೆನೇ ಮುಗಿದಿರುತ್ತೆ. ತುರ್ತು ವಿಷಯ ಎತ್ತೋ ಶೂನ್ಯ ವೇಳೆಲಿ ಎರಡೋ ಮೂರೋ ನಿಮಿಷ. ಬೇರೆ ದಾರೀಲಿ ಎತ್ತೋಕಾಗದ ವಿಷಯನ ಲೋಕಸಭೆಯ ನಿಯಮ 377ರಲ್ಲಿ ಹೇಳೋದಾದ್ರೆ 250 ಪದದ ಬರಹ, ಅದ್ರಾಚೆ ಒಂದು ಮಾತೂ ಸೇರಿಸೋ ಹಾಗಿಲ್ಲ. ನನಗೆ ತುಂಬಾ ಇಷ್ಟ ಆದ ದಾರಿ ಈ 377ನೇ, ಯಾಕಂದ್ರೆ ಅದಕ್ಕೆ ಇಲಾಖೆ ಲಿಖಿತವಾಗಿ ಉತ್ತರ ಕಳಿಸುತ್ತೆ. ಟಿವಿಲಿ ಬರಲ್ಲ, ಕ್ಲಿಪ್ ಓಡಲ್ಲ, ಆದ್ರೆ ಕೈಗೆ ಒಂದು ಕಾಗದ ಬರುತ್ತೆ.

ಸಾಹೇಬ್ರು ಕನ್ನಡದಲ್ಲೇ ಮಾತಾಡ್ತಿದ್ರು. ಸಂವಿಧಾನದ 120ನೇ ವಿಧಿ ಪ್ರಕಾರ ಹಿಂದಿ ಅಥವಾ ಇಂಗ್ಲಿಷ್, ಅವೆರಡೂ ಸರಿಯಾಗಿ ಬರದೇ ಇದ್ರೆ ಸಭಾಧ್ಯಕ್ಷರ ಅನುಮತಿ ಮೇಲೆ ಮಾತೃಭಾಷೆ. ಅದಕ್ಕೆ ಆಗ ಮೊದಲೇ ತಿಳಿಸ್ಬೇಕಿತ್ತು, ಕನ್ನಡ ಗೊತ್ತಿರೋ ಇಂಟರ್‌ಪ್ರಿಟರ್ ಬೇಕಲ್ಲ. ನಾನು ಮಾಡ್ಕೊಂಡ ಅಭ್ಯಾಸ ಏನಂದ್ರೆ ಭಾಷಣದ ಒಂದು ಪ್ರತಿ ಆ ಇಂಟರ್‌ಪ್ರಿಟರ್‌ಗೆ ಮುಂಚೆನೇ ಮುಟ್ಟಿಸೋದು, ಕೇಸ್ ಹೆಸ್ರು, ಸೆಕ್ಷನ್ ನಂಬರ್, ವರ್ಷ ಇವನ್ನ ದಪ್ಪ ಅಕ್ಷರದಲ್ಲಿ ಹಾಕೋದು. ಒಂದ್ಸಲ ಕೊಡೋದು ಮರೆತು "ನಾನಾ" ಅನ್ನೋ ಪದ ಇಂಗ್ಲಿಷ್ ದಾಖಲೆಲಿ ಬೇರೆ ಏನೋ ಆಗಿ ಬಂದಿತ್ತು, ತಿದ್ದುಪಡಿಗೆ ಓಡಾಡ್ಬೇಕಾಯ್ತು. ಆಮೇಲಿಂದ ಮರೀಲಿಲ್ಲ.

ರಾತ್ರಿ ಅವ್ರು ಜೋರಾಗಿ ಓದೋರು, ನಾನು ಫೋನಲ್ಲಿ ಸ್ಟಾಪ್‌ವಾಚ್ ಹಿಡಿಯೋನು. ಬೇಡಿಕೆನ ಕೊನೆಗೆ ಇಡ್ಬೇಡ ಅನ್ನೋರು, ಮೈಕ್ ಯಾವಾಗ ಬಂದ್ ಆಗುತ್ತೋ ಗೊತ್ತಿಲ್ಲ. ಹಂಗಾಗಿ ಮೊದಲ ವಾಕ್ಯದಲ್ಲೇ ಬೇಡಿಕೆ, ಆಮೇಲೆ ಹವಾಲ್ದಾರ್ ಕಥೆ ಎರಡು ವಾಕ್ಯದಲ್ಲಿ ಹೆಸ್ರು ಹೇಳದೆ, ಆಮೇಲೆ ಕಾನೂನು, ಟೈಮ್ ಉಳಿದ್ರೆ ಮಾತ್ರ ಉಳಿದಿದ್ದು. ಅವ್ರಿಗೆ ಇದ್ದ ಪರೀಕ್ಷೆ ಒಂದೇ, "ನಮ್ಮೂರ ಹವಾಲ್ದಾರ್ ಇದನ್ನ ಕೇಳಿದ್ರ, ಹೌದು ನನ್ನ ಸಂಕಟ ಇದೇ ಅಂತಾನೇನು?"

ಒಂದೇ ರ‍್ಯಾಂಕ್ ಒಂದೇ ಪೆನ್ಷನ್ ವಿಷಯ ಮಾತ್ರ ನನ್ನನ್ನ ತುಂಬಾ ದಿನ ಕಾಡ್ತು. ವ್ಯಾಖ್ಯೆ ಸುಲಭ, ಒಂದೇ ರ‍್ಯಾಂಕ್, ಅಷ್ಟೇ ವರ್ಷ ಸರ್ವಿಸ್ ಮಾಡಿದೋರಿಗೆ ಯಾವತ್ತು ನಿವೃತ್ತಿ ಆದ್ರೂ ಅಷ್ಟೇ ಪೆನ್ಷನ್. ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಲಿ, 2011ರ ಡಿಸೆಂಬರ್‌ನಲ್ಲೇ ಇದನ್ನ ಕೊಡಿ ಅಂದಿತ್ತು. 2014ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ 500 ಕೋಟಿ, ಜುಲೈ ಬಜೆಟ್‌ನಲ್ಲಿ 1,000 ಕೋಟಿ, ಆದ್ರೂ ಆದೇಶ ಇಲ್ಲ. 2015ರ ಜೂನ್‌ನಲ್ಲಿ ಜಂತರ್ ಮಂತರ್‌ನಲ್ಲಿ ವಯಸ್ಸಾದ ಸೈನಿಕರು ಮೆಡಲ್ ಹಾಕ್ಕೊಂಡು ಧರಣಿ ಕೂತ್ರು. ಸೆಪ್ಟೆಂಬರ್ 5ಕ್ಕೆ ಘೋಷಣೆ, ನವೆಂಬರ್ 7ಕ್ಕೆ ಆದೇಶ, 2014ರ ಜುಲೈ 1ರಿಂದ ಜಾರಿ. ಆದ್ರೆ ಪೆನ್ಷನ್ ಮರುಹೊಂದಿಕೆ ಐದು ವರ್ಷಕ್ಕೊಮ್ಮೆ ಅಂತ ಬಂತು, ಕೋಶಿಯಾರಿ ವರದಿಲಿ ಇದ್ದಿದ್ದು ತಾನಾಗಿ ಏರಬೇಕು ಅಂತ. ಜಗಳ ಪೂರ್ತಿ ಅಲ್ಲೇ. ನಾನು ಇದ್ರ ಬಗ್ಗೆ ಬಿರುಸಾಗಿ ಬರೆದಿದ್ದೆ, ಅಷ್ಟೊತ್ತಿಗೆ ವಿಷಯ ಸುಪ್ರೀಂ ಕೋರ್ಟಲ್ಲಿತ್ತು. ವಿಚಾರಣೆಲಿ ಇರೋದನ್ನ ಸದನದಲ್ಲಿ ಎತ್ತಿದ್ರೆ ನೋಟಿಸೇ ವಾಪಸ್ ಬರ್ಬಹುದು ಅಂತ ಸಾಹೇಬ್ರು ಆ ಭಾಗ ಪೂರ್ತಿ ಹೊಡೆದುಹಾಕಿ, ವಿಧವೆಯರ ಫ್ಯಾಮಿಲಿ ಪೆನ್ಷನ್ ಬಾಕಿ ಬಗ್ಗೆ ಮಾತ್ರ ಉಳಿಸಿದ್ರು. ಆಗ ಬೇಜಾರಾಗಿತ್ತು, ಈಗ ಅವ್ರು ಮಾಡಿದ್ದೇ ಸರಿ ಅನ್ಸುತ್ತೆ, ಯಾಕಂದ್ರೆ ಆ ಕೇಸಿನ ತೀರ್ಪು ಬಂದಿದ್ದು 2022ರ ಮಾರ್ಚ್ 16ಕ್ಕೆ, ಅದೂ ಐದು ವರ್ಷದ ನಿಯಮ ಅಸಾಂವಿಧಾನಿಕ ಅಲ್ಲ ಅಂತ. ಅಲ್ಲಿವರೆಗೆ ಕಾದಿದ್ರೆ ವಿಧವೆಯರ ಮಾತು ಹೇಳೋಕೇ ಆಗ್ತಿರ್ಲಿಲ್ಲ.

2018ರ ಮಾರ್ಚ್ ತಿಂಗಳು ನಾನು ಮರೆಯಲ್ಲ. ಆ ವರ್ಷದ ಬಜೆಟ್‌ನಲ್ಲಿ ರಕ್ಷಣಾ ಪೆನ್ಷನ್ನಿಗೇ 1 ಲಕ್ಷ 8 ಸಾವಿರ ಕೋಟಿಗೂ ಮೇಲೆ ಇಟ್ಟಿದ್ರು, ಅದ್ರ ಮೇಲೆ ಮಾತಾಡೋಕೆ ಅಂತ ಮೂರು ವಾರ ಕೂತು ಹನ್ನೆರಡು ನಿಮಿಷದ ಭಾಷಣ ಕಟ್ಟಿದ್ದೆ, ನನ್ನ ಲೆಕ್ಕದಲ್ಲಿ ನಾನು ಬರೆದಿದ್ರಲ್ಲೇ ಒಳ್ಳೇದು. ಮಾರ್ಚ್ 14ಕ್ಕೆ ಗದ್ದಲದ ನಡುವೆ ಎಲ್ಲ ಇಲಾಖೆಗಳ ಅನುದಾನದ ಬೇಡಿಕೆನೂ ಗಿಲೋಟಿನ್ ಆಗಿ, ಅಂದ್ರೆ ಚರ್ಚೆ ಇಲ್ದೆ ಒಟ್ಟಿಗೇ ಮತಕ್ಕೆ ಹಾಕಿ, ಪಾಸ್ ಆಯ್ತು, ಅರ್ಧ ಗಂಟೆಲಿ ಎಲ್ಲ ಮುಗೀತು. ಸಾಹೇಬ್ರು ವಾಪಸ್ ಬಂದು ಏನೂ ಮಾತಾಡ್ಲಿಲ್ಲ, ನೀರು ಕುಡಿದು ಆ ಕಾಗದ ಇಸ್ಕೊಂಡ್ರು. ಮಾರನೇ ದಿನದಿಂದ ಅದನ್ನೇ ಆರು ತುಂಡು ಮಾಡಿ ಆರು ಚುಕ್ಕೆ ರಹಿತ ಪ್ರಶ್ನೆ, ಅಂದ್ರೆ ಲಿಖಿತ ಉತ್ತರ ಮಾತ್ರ ಬರೋ ಪ್ರಶ್ನೆ, ಮಾಡಿದ್ವಿ.

ಅದ್ರಲ್ಲಿ ಒಂದಕ್ಕೆ "ವಿಷಯ ಪರಿಶೀಲನೆಯಲ್ಲಿದೆ" ಅಂತ ಉತ್ತರ ಬಂತು. ನಾನು ನಿರಾಸೆಯಿಂದ ತೋರಿಸಿದ್ರೆ ಅವ್ರ ಮುಖ ಅರಳ್ತು! ಆ ಥರ ಮಾತು ಸರ್ಕಾರದ ಭರವಸೆ ಅಂತಲೇ ಲೆಕ್ಕ, ಅದನ್ನ ಲೋಕಸಭೆಯ ಭರವಸೆಗಳ ಸಮಿತಿ ಎತ್ತಿಕೊಳ್ಳುತ್ತೆ, ಮೂರು ತಿಂಗಳೊಳಗೆ ಏನಾಯ್ತು ಅಂತ ಇಲಾಖೆ ಹೇಳ್ಬೇಕು, ಇಲ್ದಿದ್ರೆ ಗಡುವು ವಿಸ್ತರಿಸಿ ಅಂತ ಕೇಳ್ಬೇಕು. ಅವತ್ತಿಂದ ನಾನು ಒಂದು ನೋಟ್‌ಬುಕ್ ಇಟ್ಟೆ, ಯಾವ ತಾರೀಖು, ಪ್ರಶ್ನೆ ನಂಬರ್, ಯಾವ ಸಚಿವರ ಯಾವ ಮಾತು. ಈ ಕೆಲಸಕ್ಕೆ ಹೊಸದಾಗಿ ಬರೋ ಹುಡುಗ್ರು ಕೇಳಿದ್ರೆ ನಾನು ಮೊದಲು ಹೇಳೋದು ಈ ನೋಟ್‌ಬುಕ್ ಬಗ್ಗೆನೇ, ಭಾಷಣದ ಬಗ್ಗೆ ಅಲ್ಲ.

ನ್ಯಾಯದ ವಿಷಯದಲ್ಲಿ ನಾವು ಮತ್ತೆ ಮತ್ತೆ ಎತ್ತಿದ್ದು ಸೈನಿಕರ ಸೇವೆ, ಪೆನ್ಷನ್ ಕೇಸ್ ನೋಡೋ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆ, 2009ರಲ್ಲಿ ಶುರು ಆಯ್ತು. ಕರ್ನಾಟಕದ ಸೈನಿಕರ ಕೇಸ್ ಕೊಚ್ಚಿ ಪೀಠಕ್ಕೆ ಸೇರುತ್ತೆ, ಬೀದರ್ ಕಡೆಯೋರಿಗೆ ಅದು ಎಷ್ಟು ದೂರ ಯೋಚನೆ ಮಾಡಿ. ಅಲ್ಲಿ ಸೋತ್ರೆ 31ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆ ಇದ್ರೆ, ಇಲ್ಲಾ ಸುಪ್ರೀಂ ಕೋರ್ಟಿಗೇ ಇದು ನೋಡ್ಬೇಕಾದ್ದು ಅನ್ಸಿದ್ರೆ ಮಾತ್ರ ಅಲ್ಲಿಗೆ ಹೋಗ್ಬಹುದು. ಸುಪ್ರೀಂ ಕೋರ್ಟಿನ 2015ರ ಒಂದು ತೀರ್ಪಿನಿಂದ ಹೈಕೋರ್ಟ್ ದಾರಿನೂ ಮುಚ್ಚಿದ ಹಾಗಾಗಿತ್ತು. ಒಬ್ಬ ಜವಾನನ ಪೆನ್ಷನ್ನಲ್ಲಿ ದೇಶಕ್ಕೇ ಮಹತ್ವದ ಪ್ರಶ್ನೆ ಎಲ್ಲಿಂದ ತರೋದು? ನಾನು ಆ ತೀರ್ಪು ಕೊಟ್ಟೋರ ಬಗ್ಗೆ ಒಂದು ಖಾರದ ಸಾಲು ಬರೆದಿದ್ದೆ, 121ನೇ ವಿಧಿ ಪ್ರಕಾರ ನ್ಯಾಯಾಧೀಶರ ನಡವಳಿಕೆ ಸದನದಲ್ಲಿ ಚರ್ಚೆ ಮಾಡೋ ಹಾಗಿಲ್ಲ, ಅದನ್ನ ತೆಗೆಸಿದ್ರು. "ತೀರ್ಪು ಕೊಟ್ಟೋರನ್ನ ಬೈಬ್ಯಾಡ, ಕಾನೂನ್ ಬದಲಿಸ್ರಿ ಅಂತ ಸಚಿವರನ್ನ ಕೇಳು, ಅದು ನಮ್ಮ ಕೆಲಸ." 377ರಡಿ ಹಾಗೇ ಕೇಳಿದ್ವಿ, ಉತ್ತರ ಬಂತು, ಒಂದು ಪುಟ, ಕಾಯ್ದೆ ತಿದ್ದೋ ಮಾತು ಅದ್ರಲ್ಲಿ ಇರ್ಲಿಲ್ಲ.

ಕಾಯ್ದೆ ತಿದ್ದುಪಡಿ ಆಗೋದು ನಾವು ನೋಡ್ಲಿಲ್ಲ. 2019ರಲ್ಲಿ ನಾನು ಕೆಲಸ ಬಿಟ್ಟೆ. 2023ರ ಮಾರ್ಚ್ 21ಕ್ಕೆ ಸುಪ್ರೀಂ ಕೋರ್ಟೇ ಹೈಕೋರ್ಟಿನ ಅಧಿಕಾರ ಹಾಗೆ ಮೊಟಕು ಆಗಲ್ಲ ಅಂತ ಹೇಳಿತು. ಸುದ್ದಿ ಓದಿದ ಸಂಜೆನೇ ಆ ಹವಾಲ್ದಾರ್ ಮನೆಗೆ ಫೋನ್ ಮಾಡ್ದೆ, ಅವ್ರ ಅರ್ಜಿ ಅಷ್ಟೊತ್ತಿಗೆ ನ್ಯಾಯಮಂಡಳಿಲೇ ವಜಾ ಆಗಿ ಕೂತಿತ್ತು. ಹೆಂಡತಿ ಎತ್ತಿದ್ರು, ನಾನು ಹೇಳಿದ್ದನ್ನ ಅವ್ರಿಗೆ ಜೋರಾಗಿ ಕೂಗಿ ಹೇಳ್ತಿದ್ದದ್ದು ಕೇಳಿಸ್ತಿತ್ತು. ಈಗ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಿದ್ದಾರೆ, ಸಾಹೇಬ್ರೇ ಒಬ್ರು ವಕೀಲರನ್ನ ನೋಡಿಕೊಟ್ರು. 377ಕ್ಕೆ ಬಂದ ಆ ಒಂದು ಪುಟದ ಉತ್ತರನ ವಕೀಲ್ರು ಕೇಳಿ ಇಸ್ಕೊಂಡ್ರಂತೆ, ಧರ್ಮವೀರ್ ಸಿಂಗ್ ತೀರ್ಪಿನ ಹಿಂದೆ ಅದನ್ನೂ ಸೇರಿಸಿದ್ದಾರೆ. ಮುಂದಿನ ತಾರೀಖಿಗೆ ಕಾಯ್ತಿದ್ದೀವಿ.