ಮಗು ಕಕ್ಕ ಮಾಡ್ತಿಲ್ವಾ? ಎಲೆ ತೊಟ್ಟು ಇಡೋಕ್ ಮುಂಚೆ ಇದನ್ನ ಓದಿ

ನಮ್ಮ ಮಗ ಹುಟ್ಟಿ ಎರಡು ದಿನ ಆದ್ರೂ ಮೊದಲ ಕಪ್ಪು ಕಕ್ಕ ಮಾಡಿರ್ಲಿಲ್ಲ, "ಕೆಲವು ಮಕ್ಳು ಹಂಗೇ" ಅಂತ ಡಿಸ್ಚಾರ್ಜ್ ಮಾಡಿದ್ರು, ನಾವೂ ಬೆಂಗಳೂರಿನ ಬನಶಂಕರಿ ಮನೆಗೆ ಬಂದ್ವಿ. ಹೊಟ್ಟೆ ತಮಟೆ ಥರ ಬಿಗಿಯಾಯ್ತು, ಹಾಲು ಬೇಡ ಅಂತಾನೆ. ನಮ್ಮತ್ತೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಹಿಂದ್ಗಡೆ ಇಟ್ರು, ಗಾಳಿ ಸಮೇತ ಪಿಚಕಾರಿ ಹೊಡ್ದಂಗೆ ಬಂತು, ಎಲ್ರಿಗೂ ಖುಷಿ. ಎರಡೇ ದಿನಕ್ಕೆ ಮತ್ತೆ ಅದೇ ಕಥೆ. ಆ ಪಿಚಕಾರಿನೇ ದೊಡ್ಡ ಸುಳಿವು ಅಂತ ಆಮೇಲೆ ಸರ್ಜನ್ ಹೇಳಿದ್ಮೇಲೆ ಗೊತ್ತಾಗಿದ್ದು.

ಕಾಯಿಲೆ ಹೆಸ್ರು ಹಿರ್ಷ್‌ಸ್ಪ್ರಂಗ್. 1886ರಲ್ಲಿ ಇದನ್ನ ವಿವರಿಸಿದ ಡೆನ್ಮಾರ್ಕ್ ಡಾಕ್ಟರ್ ಹೆಸ್ರು ಅದು, ನಮ್ಮನೇಲಿ ಇವತ್ತಿಗೂ ಯಾರಿಗೂ ಸರಿಯಾಗಿ ಬಾಯಿಗೆ ಬರಲ್ಲ. ಮಗು ಹೊಟ್ಟೇಲಿರುವಾಗ 5ನೇ ವಾರದಿಂದ 12ನೇ ವಾರದೊಳಗೆ ನರದ ಕಣಗಳು ಕರುಳಲ್ಲಿ ಮೇಲಿಂದ ಕೆಳಗೆ ಗುದದ್ವಾರದವರೆಗೂ ಇಳೀಬೇಕು, ಮಧ್ಯದಲ್ಲೇ ನಿಂತ್ರೆ ಕೆಳಗಿನ ಭಾಗಕ್ಕೆ ನರ ಇಲ್ಲ, ಅದು ಸಡಿಲ ಆಗೋದೇ ಇಲ್ಲ, ಮೇಲಿಂದ ಬಂದಿದ್ದೆಲ್ಲ ಅಲ್ಲೇ ತುಂಬ್ಕೊಳತ್ತೆ. ಸುಮಾರು 5000 ಮಕ್ಕಳಲ್ಲಿ ಒಬ್ರಿಗೆ, ಗಂಡುಮಕ್ಕಳಲ್ಲಿ ಜಾಸ್ತಿ. ಇಲ್ಲದ ನರ ಗ್ರೈಪ್ ವಾಟರ್‌ಗೂ ಬರಲ್ಲ, ಬಜೆಗೂ ಬರಲ್ಲ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಒಂದು ನೋಟ್‌ಬುಕ್ ಇಡಿ. ಕಪ್ಪು ಕಕ್ಕ ಎಷ್ಟು ಗಂಟೆಗೆ ಬಂತು (ಹೆಚ್ಚಿನ ಮಕ್ಕಳಿಗೆ 24 ಗಂಟೆ ಒಳಗೆ ಬರತ್ತೆ, 48 ದಾಟಿದ್ರೆ ತೋರಿಸ್ಲೇಬೇಕು), ಆಮೇಲೆ ತಾನಾಗೇ ಬಂದಿದ್ದೆಷ್ಟು ಸಲ, ಎಲೆ ತೊಟ್ಟೋ ಸಪೋಸಿಟರಿನೋ ಇಟ್ಟು ಬಂದಿದ್ದೆಷ್ಟು, ತೂಕ ಎಷ್ಟು, ಎಲ್ಲ ಬರೀರಿ, ಹೊಟ್ಟೆದು ಫೋಟೋನೂ ತೆಗೀರಿ. ಅಜ್ಜಿ ಏನು ಇಟ್ರು ಅನ್ನೋದನ್ನ ನಾಚಿಕೆ ಇಲ್ದೆ ಡಾಕ್ಟರ್‌ಗೆ ಹೇಳಿ, ನಾವು ಮುಚ್ಚಿಟ್ಟು ಒಂದು ವಾರ ಕಳ್ಕೊಂಡ್ವಿ. ಹಸಿರು ವಾಂತಿ ಆದ್ರೆ ಮಾತ್ರ ನೋಟ್‌ಬುಕ್ಕೂ ಬೇಡ ಏನೂ ಬೇಡ, ಆ ಕ್ಷಣ ಎಮರ್ಜೆನ್ಸಿಗೆ ಹೊರಡಿ.

ಎಲ್ಲಿಗೆ? ಮಕ್ಕಳ ಸರ್ಜನ್ ಇರೋ ಕಡೆ. ನರದ ಕಾಯಿಲೆ ಅಂದ್ಕೂಡ್ಲೇ ನಮ್ಮ ಚಿಕ್ಕಪ್ಪ ನಿಮ್ಹಾನ್ಸ್‌ಗೆ ಹೋಗ್ರೋ ಅಂದ್ರು, ನರ ಹೌದು ಚಿಕ್ಕಪ್ಪ, ಆದ್ರೆ ಹೋಗ್ಬೇಕಾಗಿರೋದು ಅದರ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ. ಕೋರಮಂಗಲ ಕಡೆಯವರಿಗೆ ಸೇಂಟ್ ಜಾನ್ಸ್ ಇದೆ.

ಅಲ್ಲಿ ಹಿಂದ್ಗಡೆಯಿಂದ ಡೈ ಬಿಟ್ಟು ಎಕ್ಸ್‌ರೇ ತೆಗೀತಾರೆ, ಕರುಳು ಕೆಳಗೆ ಸಣ್ಣ ಮೇಲೆ ಅಗಲ ಕಂಡ್ರೆ ಅನುಮಾನ ಗಟ್ಟಿ. ಅದಕ್ಕೆ ಮುಂಚೆ ಮನೇಲಿ ಎನಿಮಾ ಕೊಟ್ಕೊಂಡು ಹೋಗ್ಬೇಡಿ, ಆ ವ್ಯತ್ಯಾಸ ಮುಚ್ಚಿಹೋಗ್ಬಹುದು. ಎಕ್ಸ್‌ರೇ ನಾರ್ಮಲ್ ಬಂದ್ರೂ ಪುಟ್ಟ ಮಕ್ಕಳಲ್ಲಿ ಕಾಯಿಲೆ ಇಲ್ಲ ಅಂತ ಅಲ್ಲ, ಕೊನೆ ಮಾತು ಬಯಾಪ್ಸಿದೇ, ಅಂದ್ರೆ ಹಿಂದ್ಗಡೆಯಿಂದ ಕರುಳಿನ ಸಣ್ಣ ಚೂರು ತೆಗೆದು ನರದ ಕಣ ಇದ್ಯಾ ಅಂತ ನೋಡೋದು. ಬಯಾಪ್ಸಿ ಅಂದ್ರೆ ನನ್ ಹೆಂಡ್ತಿ ಅತ್ತೇಬಿಟ್ಲು, ಆದ್ರೆ ಎಳೆ ಮಗುಗೆ ಸಾಮಾನ್ಯವಾಗಿ ಅರಿವಳಿಕೆನೂ ಬೇಡ, ತೆಗೆಯೋ ಜಾಗಕ್ಕೆ ನೋವು ಗೊತ್ತಾಗಲ್ಲ. ಸ್ಯಾಂಪಲ್ ಸಾಲ್ದು, ಇನ್ನೊಂದ್ಸಲ ಅಂದ್ರೆ ರೇಗ್ಬೇಡಿ.

ಆಪರೇಷನ್ನಲ್ಲಿ ನರ ಇಲ್ಲದ ತುಂಡು ತೆಗೆದು ಸರಿ ಇರೋ ಕರುಳನ್ನ ಕೆಳಗೆ ಎಳೆದು ಹೊಲೀತಾರೆ. ಕೆಲವರಿಗೆ ಒಂದೇ ಸಲಕ್ಕೆ ಮುಗಿಯತ್ತೆ, ಕೆಲವರಿಗೆ ಮೊದಲು ಹೊಟ್ಟೆ ಮೇಲೆ ದಾರಿ ಮಾಡಿ ಕಕ್ಕ ಬೀಳೋಕೆ ಬ್ಯಾಗ್ ಹಾಕ್ತಾರೆ. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ಸಲ ಕಕ್ಕ, ಚರ್ಮ ಕೆಂಪಾಗಿ ಸುಲಿದುಹೋಗತ್ತೆ, ಜಿಂಕ್ ಕ್ರೀಮ್ ದಪ್ಪಗೆ ಹಚ್ಚಿ, ಒರೆಸ್ಬೇಡಿ, ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ.

ಆಪರೇಷನ್ ಆಯ್ತು ಅಂತ ಮೈ ಮರೀಬೇಡಿ, ನಾವು ಮರೆತಿದ್ವಿ. ಎಂಟರೋಕೊಲೈಟಿಸ್ ಅಂತ ಕರುಳಿನ ಉರಿಯೂತ ಆಪರೇಷನ್‌ಗೆ ಮುಂಚೆನೂ ಬರ್ಬಹುದು, ಆದ್ಮೇಲೂ ಬರ್ಬಹುದು, ಜೀವಕ್ಕೇ ಅಪಾಯ. ಹೊಟ್ಟೆ ಉಬ್ಬರ, ಜ್ವರ, ಗಬ್ಬು ವಾಸನೆಯ ಭೇದಿ, ಮಗು ಮಂಕು, ಇಷ್ಟರಲ್ಲಿ ಎರಡು ಸೇರಿದ್ರೂ ರಾತ್ರಿ ಎರಡು ಗಂಟೆಯಾದ್ರೂ ಹೊರಡಿ. ಬರೀ ಭೇದಿ ಅಂದ್ಕೊಂಡು ನಿಲ್ಲಿಸೋ ಮಾತ್ರೆ ಕೊಡ್ಲೇಬೇಡಿ. ಡ್ಯೂಟಿ ಡಾಕ್ಟರ್ ಹೊಸಬರಾಗಿದ್ರೆ ಮೊದಲ ವಾಕ್ಯದಲ್ಲೇ "ಹಿರ್ಷ್‌ಸ್ಪ್ರಂಗ್ ಆಪರೇಷನ್ ಆಗಿರೋ ಮಗು" ಅನ್ನಿ, ಡಿಸ್ಚಾರ್ಜ್ ಸಮ್ಮರಿ ಫೋನಲ್ಲಿ ಇರ್ಲಿ. ಟ್ಯೂಬ್ ಹಾಕಿ ಕರುಳು ತೊಳೆಯೋದನ್ನ ಸರ್ಜನ್ ಕಲಿಸಿದ್ರೆ ಅವರು ಹೇಳಿದಷ್ಟೇ ಸಲೈನ್ ಬಳಸಿ, ನಲ್ಲಿ ನೀರು ಖಂಡಿತ ಬೇಡ, ಮೈಯಲ್ಲಿನ ಸೋಡಿಯಂ ಇಳಿದುಹೋಗತ್ತೆ.

ಇನ್ನು ಎರಡನೇ ಮಗು ಪ್ರಶ್ನೆ. ರೆಟ್ ಅನ್ನೋ ಜೀನ್ ಮುಖ್ಯ ಕಾರಣಗಳಲ್ಲೊಂದು, ಅದರ ಬದಲಾವಣೆ ಅಪ್ಪ ಅಮ್ಮನಲ್ಲಿದ್ರೂ ಅವರಿಗೇನೂ ಆಗ್ದೇ ಇರ್ಬಹುದು, ಅದಕ್ಕೇ "ನಮ್ ಕಡೆ ಯಾರಿಗೂ ಇಲ್ಲ, ನಿಮ್ ಕಡೆದೇ" ಅನ್ನೋ ಜಗಳ ದಂಡ. ಒಟ್ಟಾರೆ ಲೆಕ್ಕದಲ್ಲಿ ಒಡಹುಟ್ಟಿದವರಿಗೆ ಬರೋ ಸಾಧ್ಯತೆ ನೂರಕ್ಕೆ 4ರ ಆಸುಪಾಸು, ಕರುಳಿನ ಉದ್ದ ಭಾಗಕ್ಕೆ ನರ ಇಲ್ದಿದ್ರೆ ಇನ್ನೂ ಜಾಸ್ತಿ. ಸೋದರಮಾವನನ್ನ ಮದುವೆ ಆಗಿದ್ರೆ ಅದನ್ನೂ ಡಾಕ್ಟರ್ ಹತ್ರ ಹೇಳಿ. ಮನೇಲಿ ಯಾರಿಗಾದ್ರೂ ಹುಟ್ಟಿನಿಂದ ಕಿವಿ ಕೇಳಲ್ವಾ, ಮುಂದಲೆಯಲ್ಲಿ ಬಿಳಿ ಕೂದಲಿದ್ಯಾ, ಕಣ್ಣು ನೀಲಿನಾ ಅಂತ ವಿಚಾರಿಸಿ, ಇವೆಲ್ಲ ಈ ಕಾಯಿಲೆ ಜೊತೆ ಬರೋ ವಾರ್ಡನ್‌ಬರ್ಗ್-ಶಾ ಅನ್ನೋ ಬಗೆ ಇದೆ, ಆ ಶಾ 1981ರಲ್ಲಿ ಅದನ್ನ ಬರೆದ ನಮ್ಮ ದೇಶದವರೇ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಇದೆ, ಮುಂದಿನ ಬಸಿರಿಗೆ ಮುಂಚೆ ಹೋಗಿ, ಮೊದಲ ಮಗುವಿನ ಬಯಾಪ್ಸಿ ರಿಪೋರ್ಟ್ ಮರೀದೆ ತಗೊಂಡೋಗಿ, ಅಲ್ಲಿ ಮೊದಲು ಕೇಳೋದೇ ಎಷ್ಟು ಉದ್ದ ಕರುಳು ತೆಗೆದ್ರು ಅಂತ.