ಯಾರದೋ ಕೈದಿ, ಯಾರದೋ ಸೆರೆಮನೆ: ‘ಆಗಲಿ’ ಎನ್ನುವ ಮುನ್ನ ಒಂದು ದೇಶ ಮಾಡಿಕೊಳ್ಳಬೇಕಾದ ಸಿದ್ಧತೆ

ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ 2006ರ ಮಾರ್ಚ್ ಕೊನೆಯಲ್ಲಿ ನೈಜೀರಿಯಾದ ಗಡಿಯಲ್ಲಿ ಸಿಕ್ಕಿಬಿದ್ದಾಗ ಆತನ ಮೇಲಿನ ಆರೋಪಪಟ್ಟಿ ಸಿದ್ಧವಾಗಿ ಮೂರು ವರ್ಷ ಕಳೆದಿತ್ತು. ಪಕ್ಕದ ಸಿಯೆರಾ ಲಿಯೋನ್‌ನ ಬಂಡುಕೋರರಿಗೆ ನೆರವಾದ ಆರೋಪ ಅದು. ಅಲ್ಲಿನ ಯುದ್ಧದ ಅಪರಾಧಗಳ ವಿಚಾರಣೆಗೆಂದೇ ಆ ದೇಶದ ರಾಜಧಾನಿ ಫ್ರೀಟೌನ್‌ನಲ್ಲಿ ಒಂದು ವಿಶೇಷ ನ್ಯಾಯಾಲಯವೂ ಇತ್ತು. ಆದರೆ ಅಲ್ಲೇ ವಿಚಾರಣೆ ನಡೆದರೆ ಆಗಷ್ಟೇ ತಣ್ಣಗಾಗಿದ್ದ ಆ ಪ್ರದೇಶ ಮತ್ತೆ ಹೊತ್ತಿಕೊಂಡೀತೆಂಬ ಭಯದಿಂದ ಮೊಕದ್ದಮೆಯನ್ನು ಹೇಗ್ ನಗರಕ್ಕೆ ಸಾಗಿಸುವ ಯೋಚನೆ ಬಂತು. ನೆದರ್ಲೆಂಡ್ಸ್ ಸರ್ಕಾರ ಒಂದು ಷರತ್ತಿನ ಮೇಲೆ ಒಪ್ಪಿತು: ವಿಚಾರಣೆಗೆ ಜಾಗ ಕೊಡುತ್ತೇವೆ, ಆದರೆ ಶಿಕ್ಷೆಯಾದರೆ ಆತ ನಮ್ಮಲ್ಲಿ ಉಳಿಯಕೂಡದು, ಬೇರೆ ಯಾರಾದರೂ ಆತನನ್ನು ಇರಿಸಿಕೊಳ್ಳುವ ಮಾತನ್ನು ಈಗಲೇ ಕೊಡಬೇಕು. ಬ್ರಿಟನ್ ಜೂನ್ 15ರಂದು ಆ ಮಾತು ಕೊಟ್ಟಿತು. ಮರುದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1688ನೇ ನಿರ್ಣಯವನ್ನು ಅಂಗೀಕರಿಸಿತು, ಜೂನ್ 20ರಂದು ಟೇಲರ್ ವಿಮಾನವೇರಿದ.

ಸೆರೆಮನೆಯೆಂದರೆ ತೀರ್ಪಿನ ನಂತರದ ಮಾತು ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಕೋಣೆಯ ಭರವಸೆ ಸಿಗುವ ತನಕ ಆರೋಪಿ ನ್ಯಾಯಾಧೀಶರ ಮುಂದೆ ಕೂರುವ ಊರೇ ನಿಶ್ಚಯವಾಗಲಿಲ್ಲ. ‘ಎಲ್ಲಿಯದೋ ಪಾತಕಿಗೆ ನಮ್ಮ ತೆರಿಗೆಯ ಹಣದಲ್ಲಿ ಊಟ ಏಕೆ’ ಎಂಬ ಪ್ರಶ್ನೆ ಪ್ರತಿ ದೇಶದಲ್ಲೂ ಏಳುತ್ತದೆ, ಅದು ಸಹಜವೂ ಹೌದು. ಆದರೆ ಅಂತರರಾಷ್ಟ್ರೀಯ ನ್ಯಾಯಾಲಯಗಳಿಗೆ ವಿಚಾರಣೆಯ ಕಾಲದ ಬಂಧನಗೃಹವಿದೆಯೇ ಹೊರತು ದೀರ್ಘ ಶಿಕ್ಷೆ ಅನುಭವಿಸುವ ಸೆರೆಮನೆಯಿಲ್ಲ. ಯಾರೂ ಜಾಗ ಕೊಡದಿದ್ದರೆ ಆ ನ್ಯಾಯಾಲಯಗಳ ತೀರ್ಪು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಸಾಮರ್ಥ್ಯವಿರುವ ದೇಶ ಒಪ್ಪಬೇಕು ಎಂಬುದೇ ಈ ಲೇಖಕನ ನಿಲುವು. ಒಪ್ಪುವ ಮುನ್ನ ಯಾವ ಯಾವ ಕಾಗದಗಳನ್ನು ಸರಿಮಾಡಿಕೊಳ್ಳಬೇಕು ಎಂಬುದರ ಕಡೆಗೆ ಮಾತ್ರ ಸಾರ್ವಜನಿಕ ಚರ್ಚೆ ಸಾಕಷ್ಟು ಹರಿಯುವುದಿಲ್ಲ.

ಮೊದಲು: ಶಿಕ್ಷೆ ಕೊಟ್ಟವರು ಯಾರೆಂದು ನೋಡಿ

ಇದನ್ನು ನಮಗೆ ಪರಿಚಯವಿರುವ ಕೈದಿಗಳ ವಿನಿಮಯದೊಂದಿಗೆ ಬೆರೆಸಬಾರದು. ಭಾರತದ 2003ರ ಕೈದಿಗಳ ಪ್ರತ್ಯರ್ಪಣ ಕಾಯ್ದೆ ಮುಖ್ಯವಾಗಿ ಪರದೇಶದಲ್ಲಿ ಶಿಕ್ಷೆಗೊಳಗಾದವನು ಉಳಿದ ಅವಧಿಯನ್ನು ತನ್ನ ದೇಶದಲ್ಲಿ, ತನ್ನವರ ಹತ್ತಿರ ಕಳೆಯಲಿ ಎಂಬ ಉದ್ದೇಶದ್ದು. ಯುದ್ಧಾಪರಾಧಿಯ ವಿಷಯದಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುಗುಮುರುಗು: ಆತನನ್ನು ತನ್ನವರಿಂದ ದೂರ ಒಯ್ಯುವುದೇ ಹಲವು ಬಾರಿ ಉದ್ದೇಶವಾಗಿರುತ್ತದೆ. 1993ರಲ್ಲಿ ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆ ಕಟ್ಟಿದ ನ್ಯಾಯಮಂಡಳಿಯ ರೂಪುರೇಷೆ ಸಿದ್ಧವಾದಾಗಲೇ ಶಿಕ್ಷೆಯ ಜಾರಿ ಹಿಂದಿನ ಯುಗೊಸ್ಲಾವಿಯಾದ ನೆಲದ ಹೊರಗೆ ಆಗಬೇಕೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ವರದಿ ಹೇಳಿತ್ತು. ಅಪರಾಧಿಯನ್ನು ವೀರನೆಂದು ಪೂಜಿಸುವ ಊರಿನ ಸೆರೆಮನೆಯಲ್ಲಿ ಕಾವಲುಗಾರನೇ ಸೆಲ್ಯೂಟ್ ಹೊಡೆದರೆ ಶಿಕ್ಷೆ ಶಿಕ್ಷೆಯಾಗಿ ಉಳಿಯುವುದಿಲ್ಲ.

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮಟ್ಟಿಗೆ ಅದನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನದ 103ನೇ ವಿಧಿ ದಾರಿ ತೋರುತ್ತದೆ. ಕೈದಿಗಳನ್ನು ಪಡೆಯಲು ಸಿದ್ಧವೆಂದ ದೇಶಗಳ ಪಟ್ಟಿಯಿಂದ ನ್ಯಾಯಾಲಯ ಒಂದನ್ನು ಆರಿಸುತ್ತದೆ, ಆ ದೇಶ ಒಪ್ಪಬೇಕು, ಒಪ್ಪುವಾಗ ಷರತ್ತು ಹಾಕಬಹುದು. ಯಾವ ದೇಶವೂ ಸಿಗದಿದ್ದರೆ ಹೊರೆ ಆತಿಥೇಯ ನೆದರ್ಲೆಂಡ್ಸ್‌ನ ಮೇಲೆ ಬೀಳುತ್ತದೆ. ಭಾರತ ಈ ಶಾಸನಕ್ಕೆ ಸಹಿ ಹಾಕಿಲ್ಲ, ಹಾಗಾಗಿ ನಮ್ಮ ಮುಂದೆ ಸದ್ಯಕ್ಕೆ ಈ ಕೋರಿಕೆ ಬರುವ ಸಂಭವ ಕಡಿಮೆ. ಆದರೂ ಇದು ನಮಗೆ ತೀರ ಅಪರಿಚಿತವಾದ ಸಂದಿಗ್ಧವೇನೂ ಅಲ್ಲ. 1971ರ ಯುದ್ಧದ ನಂತರ ಭಾರತದ ವಶದಲ್ಲಿದ್ದ ಪಾಕಿಸ್ತಾನಿ ಸೆರೆಯಾಳುಗಳಲ್ಲಿ 195 ಮಂದಿಯನ್ನು ಯುದ್ಧಾಪರಾಧಕ್ಕಾಗಿ ವಿಚಾರಣೆಗೆ ಒಳಪಡಿಸಲು ಬಾಂಗ್ಲಾದೇಶ ಬಯಸಿತ್ತು. 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಆದ ತ್ರಿಪಕ್ಷೀಯ ಒಪ್ಪಂದದಂತೆ ಅವರೆಲ್ಲ ವಿಚಾರಣೆಯಿಲ್ಲದೆ ಊರಿಗೆ ಮರಳಿದರು.

ಎರಡನೆಯದು: ನಿಮ್ಮ ಕಾನೂನು ಆ ಶಿಕ್ಷೆಯನ್ನು ಹೊರಬಲ್ಲದೇ?

ಬ್ರಿಟನ್ 2006ರಲ್ಲಿ ಕೊಟ್ಟದ್ದು ಮಾತು ಮಾತ್ರ. ಸಿಯೆರಾ ಲಿಯೋನ್ ನ್ಯಾಯಾಲಯದ ಕೈದಿಯನ್ನು ತನ್ನ ಸೆರೆಮನೆಯಲ್ಲಿ ಇಟ್ಟುಕೊಳ್ಳುವ ಅಧಿಕಾರ ಆಗ ಅದರ ಕಾನೂನಿನಲ್ಲೇ ಇರಲಿಲ್ಲ. ಅದಕ್ಕೆಂದು ಸಂಸತ್ತು 2007ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಮೊದಲು ಕಾಯ್ದೆ, ಆಮೇಲೆ ಕೈದಿ ಎಂಬ ಕ್ರಮವನ್ನು ಯಾವ ದೇಶವೂ ತಪ್ಪಿಸಬಾರದು, ಏಕೆಂದರೆ ದೇಶದ ಯಾವುದೇ ನ್ಯಾಯಾಧೀಶರು ನಾಳೆ ‘ಈ ಮನುಷ್ಯನನ್ನು ಯಾವ ಆಧಾರದ ಮೇಲೆ ಕೂಡಿಹಾಕಿದ್ದೀರಿ’ ಎಂದು ಕೇಳಿದರೆ ‘ಹೇಗ್‌ನಿಂದ ಪತ್ರ ಬಂದಿತ್ತು’ ಎಂಬ ಉತ್ತರ ಸಾಲದು.

ಶಿಕ್ಷೆಯ ಉದ್ದವನ್ನೂ ಅಳೆದು ನೋಡಬೇಕು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 30 ವರ್ಷಗಳವರೆಗೆ, ಅತಿ ಘೋರ ಪ್ರಕರಣಗಳಲ್ಲಿ ಜೀವಾವಧಿ ಶಿಕ್ಷೆ ವಿಧಿಸಬಹುದು. ತನ್ನ ಕಾನೂನಿನ ಗರಿಷ್ಠ ಅವಧಿಯನ್ನು ಮೀರದ ಶಿಕ್ಷೆಯಾದರೆ ಮಾತ್ರ ಕೈದಿಯನ್ನು ಪಡೆಯುವುದಾಗಿ ಸ್ಪೇನ್ ಮೊದಲೇ ಹೇಳಿಕೊಂಡಿದೆ. ಒಪ್ಪಿದ ಮೇಲೆ ಪಶ್ಚಾತ್ತಾಪಪಡುವುದಕ್ಕಿಂತ ಇದು ಮೇಲು.

ನಿಜವಾದ ಎಡವಟ್ಟು ಆಗುವುದು ಬಿಡುಗಡೆಯ ಲೆಕ್ಕದಲ್ಲಿ. ಸನ್ನಡತೆಗೆ ರಿಯಾಯಿತಿ, ಪೆರೋಲ್, ಕ್ಷಮಾದಾನ ಇವೆಲ್ಲ ಪ್ರತಿ ದೇಶದ ಸೆರೆಮನೆಯಲ್ಲೂ ಬೇರೆ ಬೇರೆ ಬಗೆಯಲ್ಲಿ ನಡೆಯುತ್ತವೆ. ಆದರೆ ಇಲ್ಲಿ ಶಿಕ್ಷೆ ನ್ಯಾಯಾಲಯದ್ದು, ಜೈಲು ಮಾತ್ರ ದೇಶದ್ದು. ರೋಮ್ ಶಾಸನದ 105ನೇ ವಿಧಿಯಂತೆ ಶಿಕ್ಷೆಯನ್ನು ಬದಲಿಸುವ ಅಧಿಕಾರ ಕೈದಿಯನ್ನು ಇರಿಸಿಕೊಂಡ ದೇಶಕ್ಕಿಲ್ಲ. ಮೂರನೇ ಎರಡು ಭಾಗ, ಜೀವಾವಧಿಯಾದರೆ 25 ವರ್ಷ ಮುಗಿದ ಮೇಲೆ ಕಡಿತ ಮಾಡಬೇಕೇ ಎಂದು ನ್ಯಾಯಾಲಯವೇ ಪರಿಶೀಲಿಸುತ್ತದೆ. ಈ ಗೆರೆ ಅಳಿದುಹೋದರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಉದಾಹರಣೆಯಿದೆ. ರುವಾಂಡಾದ ನರಮೇಧದ ಕಾಲದಲ್ಲಿ ರೇಡಿಯೊದಲ್ಲಿ ದ್ವೇಷ ಬಿತ್ತಿದ ಬೆಲ್ಜಿಯಂ ಪ್ರಜೆ ಜಾರ್ಜ್ ರುಜಿಯೊಗೆ ವಿಶ್ವಸಂಸ್ಥೆಯ ರುವಾಂಡಾ ನ್ಯಾಯಮಂಡಳಿ 12 ವರ್ಷಗಳ ಶಿಕ್ಷೆ ವಿಧಿಸಿತ್ತು. 2008ರಲ್ಲಿ ಆತನನ್ನು ಇಟಲಿಗೆ ಒಪ್ಪಿಸಲಾಯಿತು, 2009ರ ಏಪ್ರಿಲ್‌ನಲ್ಲಿ ಇಟಲಿಯ ಅಧಿಕಾರಿಗಳು ತಮ್ಮ ಕಾನೂನಿನ ಲೆಕ್ಕದಂತೆ ಆತನನ್ನು ಅವಧಿಗೆ ಮುನ್ನವೇ ಬಿಟ್ಟುಬಿಟ್ಟರು. ನ್ಯಾಯಮಂಡಳಿಯ ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಹೀಗೆ ಮಾಡುವಂತಿರಲಿಲ್ಲ. ದುರುದ್ದೇಶ ಇರಲಿಕ್ಕಿಲ್ಲ, ಸೆರೆಮನೆಯ ಕಚೇರಿ ಎಂದಿನಂತೆ ತನ್ನ ಕೂಡು-ಕಳೆ ಮಾಡಿರಬೇಕು ಎಂದೇ ನನಗೆ ಅನ್ನಿಸುತ್ತದೆ. ಆದರೆ ಬಿಟ್ಟ ಕೈದಿಯನ್ನು ಮರಳಿ ಒಳಗೆ ಹಾಕಲಾಗದು. ಕೈದಿಯ ಕಡತದ ಮೊದಲ ಪುಟದಲ್ಲೇ ‘ಈತನಿಗೆ ನಮ್ಮ ರಿಯಾಯಿತಿಯ ಲೆಕ್ಕ ಅನ್ವಯಿಸದು’ ಎಂದು ಬರೆದಿಡುವುದು ಕ್ಷುಲ್ಲಕವಾಗಿ ಕಂಡರೂ ಅಗತ್ಯವಾದ ಕೆಲಸ.

ಮೂರನೆಯದು: ಯಾವ ಸೆರೆಮನೆ, ಯಾರ ಪಕ್ಕದ ಕೋಣೆ?

ಬೋಸ್ನಿಯಾದ ಸ್ರೆಬ್ರೆನಿಟ್ಸಾದಲ್ಲಿ 1995ರ ಜುಲೈಯಲ್ಲಿ ನಡೆದ ಹತ್ಯಾಕಾಂಡಕ್ಕೆ ಸಂಬಂಧಿಸಿ ಬೋಸ್ನಿಯನ್ ಸರ್ಬ್ ಸೇನಾಧಿಕಾರಿ ರಾಡಿಸ್ಲಾವ್ ಕ್ರ್ಸ್ಟಿಚ್‌ಗೆ ಮೇಲ್ಮನವಿಯಲ್ಲಿ 35 ವರ್ಷಗಳ ಶಿಕ್ಷೆ ಖಾಯಂ ಆಯಿತು. ಬ್ರಿಟನ್ 2004ರ ಕೊನೆಯಲ್ಲಿ ಆತನನ್ನು ಪಡೆಯಿತು. ಸ್ರೆಬ್ರೆನಿಟ್ಸಾದಲ್ಲಿ ಸಾವಿಗೀಡಾದವರು ಮುಸ್ಲಿಂ ಗಂಡಸರು ಮತ್ತು ಹುಡುಗರು. ವೇಕ್‌ಫೀಲ್ಡ್ ಸೆರೆಮನೆಯಲ್ಲಿ 2010ರ ಮೇಯಲ್ಲಿ ಮೂವರು ಮುಸ್ಲಿಂ ಕೈದಿಗಳು ಆತನ ಕೋಣೆಗೆ ನುಗ್ಗಿ ಕತ್ತು ಸೀಳಿದರು. ಆತ ಬದುಕಿಕೊಂಡ, ಕೊನೆಗೆ ಆತನನ್ನು ಪೋಲೆಂಡ್‌ನ ಸೆರೆಮನೆಗೆ ಸಾಗಿಸಬೇಕಾಯಿತು.

ಬಿಗಿ ಭದ್ರತೆಯ ಸೆರೆಮನೆ ಸಾಕೆಂದು ತಿಳಿದಲ್ಲೇ ತಪ್ಪಾಗುತ್ತದೆ, ಏಕೆಂದರೆ ಬಿಗಿ ಭದ್ರತೆಯ ಗೋಡೆ ಹೊರಗಿನವರನ್ನು ತಡೆಯುತ್ತದೆ, ಒಳಗಿನ ಕೈದಿಯನ್ನಲ್ಲ. ಯುದ್ಧಾಪರಾಧಿಯ ಹೆಸರು ಜಗತ್ತಿಗೆಲ್ಲ ಗೊತ್ತಿರುತ್ತದೆ, ಆತನ ಕೃತ್ಯಕ್ಕೆ ಧರ್ಮದ ಅಥವಾ ಜನಾಂಗದ ಗುರುತಿರುತ್ತದೆ, ಅದೇ ಗುರುತಿನವರು ಅದೇ ಮೊಗಸಾಲೆಯಲ್ಲಿ ಓಡಾಡುತ್ತಿರಬಹುದು. ಹಾಗೆಂದು ಇಪ್ಪತ್ತು ವರ್ಷ ಆತನನ್ನು ಒಂಟಿಯಾಗಿ ಕೂಡಿಹಾಕುವಂತೆಯೂ ಇಲ್ಲ, ಅದು ಶಿಕ್ಷೆಯ ಮೇಲೊಂದು ಶಿಕ್ಷೆಯಾಗುತ್ತದೆ. ಬೋಸ್ನಿಯನ್ ಸರ್ಬರ ಯುದ್ಧಕಾಲದ ನಾಯಕ ರಾಡೊವಾನ್ ಕರಾಜಿಚ್‌ಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಗಿ, 2021ರ ಮೇಯಲ್ಲಿ ಆತನನ್ನೂ ಬ್ರಿಟನ್ನೇ ಪಡೆಯಲು ಮುಂದಾದಾಗ ಆತ ಎತ್ತಿದ ಆಕ್ಷೇಪಣೆಗಳಲ್ಲಿ ಕ್ರ್ಸ್ಟಿಚ್‌ನ ಮೇಲಿನ ಹಲ್ಲೆಯ ನೆರಳಿತ್ತು. ವೈಟ್ ದ್ವೀಪದ ಪಾರ್ಕ್‌ಹರ್ಸ್ಟ್‌ಗೆ ಆತನನ್ನು ಒಯ್ಯಲಾಯಿತು. ಆದ್ದರಿಂದ ಗೃಹ ಇಲಾಖೆ ದೇಶದ ಸೆರೆಮನೆಗಳ ಪಟ್ಟಿಯನ್ನು ತೆರೆದು ಎಲ್ಲಿ ಕೋಣೆ ಖಾಲಿಯಿದೆ ಎಂದು ಹುಡುಕುವ ಬದಲು ಎಲ್ಲಿ ಯಾರಿದ್ದಾರೆ ಎಂದು ಹುಡುಕಬೇಕು.

ಖರ್ಚಿನ ಮಾತು

ಜನ ಅತಿ ಹೆಚ್ಚು ಕೇಳುವ ಪ್ರಶ್ನೆಗೆ ಉತ್ತರ ಅತಿ ಸರಳ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕಾರ್ಯವಿಧಾನದ 208ನೇ ನಿಯಮದಂತೆ ಸೆರೆವಾಸದ ದೈನಂದಿನ ಖರ್ಚು ಇರಿಸಿಕೊಂಡ ದೇಶದ್ದು, ಕರೆತರುವ ಖರ್ಚು ಮತ್ತು ಉಳಿದವು ನ್ಯಾಯಾಲಯದ್ದು. ಒಂದು ದೇಶ ಪಡೆಯುವುದು ಬೆರಳೆಣಿಕೆಯ ಕೈದಿಗಳನ್ನು, ಆದ್ದರಿಂದ ಬೊಕ್ಕಸ ಬರಿದಾಗುವ ವಾದದಲ್ಲಿ ಹುರುಳಿಲ್ಲ.

ನಾಲ್ಕನೆಯದು: ಹೊರಗಿನವರ ಕಣ್ಣು, ಮನೆಯವರ ದಾರಿ

ಕೈದಿಯನ್ನು ಒಪ್ಪಿಕೊಂಡ ದೇಶ ತಪಾಸಣೆಯನ್ನೂ ಒಪ್ಪಿಕೊಳ್ಳಬೇಕು. ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ, ಯುರೋಪಿನಲ್ಲಾದರೆ ಚಿತ್ರಹಿಂಸೆ ತಡೆಯುವ ಸಮಿತಿ ಬಂದು ಕೋಣೆ ನೋಡಬಹುದು, ಕೈದಿಯ ಜತೆ ಮಾತಾಡಬಹುದು. ನ್ಯಾಯಾಲಯಕ್ಕೆ ಕೈದಿ ಬರೆಯುವ ಪತ್ರವನ್ನು ಜೈಲರ್ ಒಡೆದು ಓದುವಂತಿಲ್ಲ. ತನ್ನ ಸೆರೆಮನೆಗಳ ಒಳಗನ್ನು ಹೊರಗಿನವರಿಗೆ ತೋರಿಸಲು ಹಿಂಜರಿಯುವ ಸರ್ಕಾರ ಈ ಹಂತದಲ್ಲೇ ಕೈಬಿಡುವುದು ಲೇಸು.

ಮನೆಯವರ ವಿಷಯ ಇನ್ನೂ ಸೂಕ್ಷ್ಮ. 50 ವರ್ಷಗಳ ಶಿಕ್ಷೆ ಹೊತ್ತು 2013ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿಗೆ ಬಂದ ಟೇಲರ್, ಡರಮ್ ಬಳಿಯ ಫ್ರಾಂಕ್‌ಲೆಂಡ್ ಸೆರೆಮನೆಗೆ ತನ್ನ ಹೆಂಡತಿ ಮಕ್ಕಳು ಬರಲಾಗುತ್ತಿಲ್ಲ, ಸಿಯೆರಾ ಲಿಯೋನ್ ನ್ಯಾಯಾಲಯದ ಉಳಿದ ಅಪರಾಧಿಗಳಿದ್ದ ರುವಾಂಡಾದ ಎಂಪಾಂಗ ಸೆರೆಮನೆಗೆ ತನ್ನನ್ನು ಕಳಿಸಿ ಎಂದು ಕೇಳಿಕೊಂಡ. 2015ರಲ್ಲಿ ಆ ಕೋರಿಕೆ ತಿರಸ್ಕೃತವಾಯಿತು. ಸಾವಿರಾರು ಕುಟುಂಬಗಳನ್ನು ಒಡೆದ ಯುದ್ಧಕ್ಕೆ ನೆರವಾದವನು ಕುಟುಂಬಕ್ಕಾಗಿ ಹಂಬಲಿಸುವುದನ್ನು ಕಂಡು ಮರುಕ ಹುಟ್ಟದಿರಬಹುದು. ಆದರೆ ಒಂದು ಇಲಾಖೆ ಕೈದಿಗೆ ಭೇಟಿಯ ಹಕ್ಕು ಕೊಟ್ಟು ಇನ್ನೊಂದು ಇಲಾಖೆ ಭೇಟಿಗೆ ಬರುವವರಿಗೆ ವೀಸಾ ನಿರಾಕರಿಸಿದರೆ ಆ ಹಕ್ಕಿಗೆ ಅರ್ಥವಿರುವುದಿಲ್ಲ. ಈ ಎರಡನ್ನೂ ಮೊದಲೇ ಹೊಂದಿಸಿಡಬೇಕು.

ಹಾಗಾದರೆ ದೂರದ ದೇಶವೇ ಏಕೆ, ಅವರವರ ನೆಲದ ಸೆರೆಮನೆಯೇ ಸಾಲದೇ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ಸಾಕು. ಬಾಲಸೈನಿಕರನ್ನು ಬಳಸಿದ್ದಕ್ಕೆ 14 ವರ್ಷಗಳ ಶಿಕ್ಷೆಯಾದ ಕಾಂಗೋದ ತೋಮಾ ಲುಬಾಂಗನನ್ನು 2015ರ ಡಿಸೆಂಬರ್‌ನಲ್ಲಿ ಕಿನ್ಶಾಸಾಕ್ಕೇ ಕಳಿಸಲಾಯಿತು, 2020ರಲ್ಲಿ ಅವಧಿ ಮುಗಿಸಿ ಆತ ಹೊರಬಂದ. ಅದೇ ದಿನ ಅಲ್ಲಿಗೆ ಕಳಿಸಲಾದ ಜೆರ್ಮೇನ್ ಕಟಾಂಗನ ಕತೆ ಬೇರೆ: 2016ರ ಜನವರಿಯಲ್ಲಿ ಆತನ ಶಿಕ್ಷೆ ಮುಗಿದರೂ ಬೇರೆ ಆರೋಪಗಳ ಮೇಲೆ ಸ್ವದೇಶದ ಸರ್ಕಾರ ಆತನನ್ನು ಹೊರಬಿಡಲಿಲ್ಲ. ಹಳೆಯ ಅಪರಾಧಗಳಿಗಾಗಿ ಹೊಸ ಮೊಕದ್ದಮೆ ಹೂಡಲು ನ್ಯಾಯಾಲಯದ ಅನುಮತಿ ಬೇಕೆಂದು ರೋಮ್ ಶಾಸನದ 108ನೇ ವಿಧಿ ಹೇಳುತ್ತದೆ. ಅನುಮತಿಯೇನೋ ಸಿಕ್ಕಿತು, ಆದರೆ ಆತ ಒಳಗೆ ಉಳಿದು ಹತ್ತಿರ ಹತ್ತಿರ ಮೂರು ತಿಂಗಳಾದ ಮೇಲೆ.

ಕೊನೆಯದು: ಬಾಗಿಲು ತೆರೆಯುವ ದಿನ

ಒಪ್ಪಂದಕ್ಕೆ ಸಹಿ ಹಾಕುವವರು ಕೈದಿ ಒಳಗೆ ಬರುವ ದಿನದ ಬಗ್ಗೆ ಹತ್ತು ಪುಟ ಬರೆದು, ಹೊರಹೋಗುವ ದಿನದ ಬಗ್ಗೆ ಒಂದು ವಾಕ್ಯ ಬರೆಯುತ್ತಾರೆ. ಆ ದಿನ ಬರುತ್ತದೆ. ಸರ್ಬ್ ನಾಯಕಿ ಬಿಲ್ಯಾನ ಪ್ಲಾವ್ಶಿಚ್ ತಪ್ಪೊಪ್ಪಿಕೊಂಡು 11 ವರ್ಷಗಳ ಶಿಕ್ಷೆ ಪಡೆದು ಸ್ವೀಡನ್‌ನ ಸೆರೆಮನೆಯಲ್ಲಿದ್ದವರು. ತಾನು ತಪ್ಪೇ ಮಾಡಿಲ್ಲವೆಂದು ಅಲ್ಲಿಂದಲೇ ಪತ್ರಿಕೆಯೊಂದಕ್ಕೆ ಹೇಳಿದರು. 2009ರ ಅಕ್ಟೋಬರ್‌ನಲ್ಲಿ, ಶಿಕ್ಷೆಯ ಮೂರನೇ ಎರಡು ಭಾಗ ಕಳೆದ ಮೇಲೆ, ಬಿಡುಗಡೆಯಾಗಿ ಬೋಸ್ನಿಯಾದ ಸರ್ಬ್ ಸರ್ಕಾರದ ವಿಮಾನದಲ್ಲಿ ಬೆಲ್‌ಗ್ರೇಡ್‌ಗೆ ಇಳಿದಾಗ ಗಣ್ಯರ ಸ್ವಾಗತ ಕಾದಿತ್ತು. ಆಕೆಗೆ ಹೋಗಲು ಊರಿತ್ತು ಎಂಬುದು ಸ್ವೀಡನ್‌ನ ಮಟ್ಟಿಗೆ ಅದೃಷ್ಟ. ಟೇಲರ್‌ನ ಲೆಕ್ಕ ಹಾಕಿದರೆ, ಬಂಧನವಾದ ದಿನದಿಂದ ಮೂರನೇ ಎರಡು ಭಾಗ ಮುಗಿಯುವುದು 2039ರಲ್ಲಿ, ಆಗ ಆತನಿಗೆ 91 ವರ್ಷ. ಅಷ್ಟು ಹೊತ್ತಿಗೆ ಈ ಒಪ್ಪಂದ ಮಾಡಿಕೊಂಡ ಮಂತ್ರಿಗಳಾಗಲಿ ಅಧಿಕಾರಿಗಳಾಗಲಿ ಯಾರೂ ಕಚೇರಿಯಲ್ಲಿರುವುದಿಲ್ಲ.

ಹಾಗಾಗಿ ಬಿಡುಗಡೆಯಾದವನನ್ನು ಯಾವ ದೇಶ ಪಡೆಯುತ್ತದೆ, ಯಾರೂ ಪಡೆಯದಿದ್ದರೆ ಆತ ಎಲ್ಲಿ ಯಾವ ಹಕ್ಕಿನಿಂದ ಉಳಿಯುತ್ತಾನೆ, ಆತ ಸೆರೆಯಲ್ಲೇ ಸತ್ತರೆ ಹೆಣವನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನೆಲ್ಲ ಮೊದಲ ದಿನವೇ ಬರೆಸಿಕೊಳ್ಳಬೇಕು. ಬರೆಸಿಕೊಂಡರೂ ಎಚ್ಚರ ತಪ್ಪಬಾರದು. ರುವಾಂಡಾ ನ್ಯಾಯಮಂಡಳಿಯಿಂದ ಖುಲಾಸೆಯಾದ ಅಥವಾ ಶಿಕ್ಷೆ ಮುಗಿಸಿದ ಎಂಟು ಮಂದಿ ಹೋಗಲು ನೆಲೆಯಿಲ್ಲದೆ ತಾಂಜಾನಿಯಾದ ಅರೂಷಾದಲ್ಲಿ ವರ್ಷಗಟ್ಟಲೆ ಉಳಿದಿದ್ದರು. 2021ರ ನವೆಂಬರ್‌ನಲ್ಲಿ ನೈಜರ್ ದೇಶ ಅವರನ್ನು ಪಡೆಯಲು ಲಿಖಿತ ಒಪ್ಪಂದ ಮಾಡಿಕೊಂಡಿತು, ಡಿಸೆಂಬರ್‌ನಲ್ಲಿ ಅವರು ನಿಯಾಮೆಯಲ್ಲಿ ಇಳಿದರು, ಅದೇ ತಿಂಗಳು ಮುಗಿಯುವುದರೊಳಗೆ ಅವರೆಲ್ಲ ದೇಶ ಬಿಟ್ಟು ಹೋಗಬೇಕೆಂದು ಸರ್ಕಾರ ಆದೇಶ ಹೊರಡಿಸಿತು. ಪಡೆಯುವ ಇನ್ನೊಂದು ದೇಶ ಸಿಗಲಿಲ್ಲ. ಯಾವ ಶಿಕ್ಷೆಯೂ ಬಾಕಿಯಿಲ್ಲದ ಆ ಎಂಟು ಮಂದಿ ನಿಯಾಮೆಯ ಒಂದು ಮನೆಯಲ್ಲಿ, ಬಾಗಿಲಿಗೆ ಪೊಲೀಸರ ಕಾವಲಿನೊಂದಿಗೆ ಉಳಿದರು.